ಜೋ ಟೋರಿ ಹುದ್ದೆಯ ಪ್ರಶ್ನೆ: 162 ಪಂದ್ಯಗಳ ದುಡಿಮೆ, ನಾಲ್ಕು ಪಂದ್ಯಗಳ ತೀರ್ಪು

2007ರ ಅಕ್ಟೋಬರ್ 18ರಂದು, ಅರವತ್ತೇಳು ವರ್ಷದ ಜೋ ಟೋರಿ ನ್ಯೂಯಾರ್ಕಿನಿಂದ ಫ್ಲೋರಿಡಾದ ಟ್ಯಾಂಪಾಕ್ಕೆ ಹೋಗಿ, ತಾವು ಹನ್ನೆರಡು ವರ್ಷ ಮ್ಯಾನೇಜರ್ ಆಗಿದ್ದ ಯಾಂಕೀಸ್ ಬೇಸ್‌ಬಾಲ್ ತಂಡದ ಮಾಲೀಕರು ಮುಂದಿಟ್ಟ ಒಂದು ವರ್ಷದ ಕರಾರನ್ನು ಒಪ್ಪದೆ ಎದ್ದು ಬಂದರು. ಆ ವರ್ಷ 75 ಲಕ್ಷ ಡಾಲರ್ ಇದ್ದ ಅವರ ಸಂಬಳ ಹೊಸ ಕರಾರಿನಲ್ಲಿ 50 ಲಕ್ಷಕ್ಕೆ ಇಳಿದಿತ್ತು. ತಂಡ ಋತುವಿನ ಕೊನೆಯ ನಾಕೌಟ್ ಹಂತವಾದ ಪ್ಲೇಆಫ್‌ನ ಒಂದೊಂದು ಸುತ್ತು ತಲುಪಿದಾಗಲೂ ಹತ್ತು ಲಕ್ಷ ಸೇರಿ, ಎಲ್ಲವೂ ಕೈಗೂಡಿದರೆ ಮೊತ್ತ 80 ಲಕ್ಷವಾಗಬಹುದಿತ್ತು. ಇಳಿಸಿದ ಸಂಬಳವೂ ಅಂದಿನ ಉಳಿದೆಲ್ಲ ಮ್ಯಾನೇಜರ್‌ಗಳ ಸಂಬಳಕ್ಕಿಂತ ಹೆಚ್ಚೇ ಆಗಿತ್ತು. ಹೀಗಿದ್ದರೂ ಸುತ್ತಿಗೊಂದು ಬೋನಸ್ ಎಂಬ ಷರತ್ತನ್ನು ಟೋರಿ ಅವಮಾನವೆಂದೇ ಕರೆದರು. ಅವರು ಆ ಹುದ್ದೆಯಲ್ಲಿ ಉಳಿಯಬೇಕಿತ್ತೇ ಎಂಬ ಪ್ರಶ್ನೆ ಆ ದಿನ ಹುಟ್ಟಿದ್ದಲ್ಲ. ಅದರ ಬೇರು ಅವರಿಗಿಂತ ಹಳೆಯದು.

ಮೊದಲಿಗೆ ಹುದ್ದೆಯ ಸ್ವರೂಪವನ್ನು ಹೇಳಬೇಕು. ಕ್ರಿಕೆಟ್‌ನಲ್ಲಿ ಬೌಲರ್‌ನನ್ನು ಬದಲಿಸುವವನು, ಕ್ಷೇತ್ರರಕ್ಷಣೆ ನಿಲ್ಲಿಸುವವನು ಮೈದಾನದಲ್ಲಿರುವ ನಾಯಕ. ಬೇಸ್‌ಬಾಲ್‌ನಲ್ಲಿ ಆ ಅಧಿಕಾರವೆಲ್ಲ ಡಗ್‌ಔಟ್‌ನಲ್ಲಿ ಆಟಗಾರರಂತೆಯೇ ಸಮವಸ್ತ್ರ ತೊಟ್ಟು ಕುಳಿತಿರುವ ಮ್ಯಾನೇಜರ್‌ನದು. ಯಾರು ಎಷ್ಟನೆಯ ಕ್ರಮಾಂಕದಲ್ಲಿ ಬ್ಯಾಟ್ ಮಾಡಬೇಕು, ಚೆಂಡೆಸೆಯುವ ಪಿಚರ್ ದಣಿದನೇ ಇಲ್ಲವೇ, ಅವನ ಜಾಗಕ್ಕೆ ಯಾರು ಬರಬೇಕು ಎಂಬುದನ್ನು ಅವನೇ ನಿರ್ಧರಿಸುತ್ತಾನೆ. ಒಮ್ಮೆ ಹೊರಬಂದ ಆಟಗಾರ ಅದೇ ಪಂದ್ಯಕ್ಕೆ ಮರಳುವಂತಿಲ್ಲವಾದ್ದರಿಂದ ಪ್ರತಿ ನಿರ್ಧಾರವೂ ಹಿಂತೆಗೆಯಲಾಗದ್ದು, ಮತ್ತು ಸ್ಟೇಡಿಯಂ ತುಂಬಾ ಕುಳಿತವರೆಲ್ಲರ ಕಣ್ಣಿಗೆ ಬೀಳುವಂಥದ್ದು. ಆದರೆ ಅವನ ನಿಜವಾದ ಕೆಲಸ ಕಾಣುವುದು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚುಕಡಿಮೆ ದಿನವೂ ನಡೆಯುವ 162 ಪಂದ್ಯಗಳಲ್ಲಿ. ಇಪ್ಪತ್ತಾರು ಜನರ ಮನಸ್ಸು ಮುರಿಯದಂತೆ, ಪಿಚರ್‌ಗಳ ತೋಳು ಸವೆಯದಂತೆ ತಂಡವನ್ನು ಆರು ತಿಂಗಳು ನಡೆಸುವುದು ಆ ಕೆಲಸ. ಅದನ್ನು ಹುದ್ದೆಯ ಲೆಕ್ಕಕ್ಕೆ ಹಿಡಿಯುವವರು ಕಡಿಮೆ; ಲೆಕ್ಕವಾಗುವುದು ಪ್ಲೇಆಫ್ ನಡೆಯುವ ಅಕ್ಟೋಬರ್.

ಯಾಂಕೀಸ್ ತಂಡದ ಮಟ್ಟಿಗೆ ಈ ಅಳತೆಗೋಲು 1960ರಲ್ಲೇ ಇತ್ತು. ಕೇಸಿ ಸ್ಟೆಂಗೆಲ್ ಹನ್ನೆರಡು ವರ್ಷಗಳಲ್ಲಿ ಹತ್ತು ಸಲ ಲೀಗ್ ಪ್ರಶಸ್ತಿಯನ್ನೂ ಎರಡು ಲೀಗ್‌ಗಳ ವಿಜೇತರ ನಡುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸನ್ನು ಏಳು ಸಲವೂ ಗೆದ್ದಿದ್ದರು. ಆ ವರ್ಷದ ವರ್ಲ್ಡ್ ಸೀರೀಸ್‌ನ ಏಳು ಪಂದ್ಯಗಳಲ್ಲಿ ಯಾಂಕೀಸ್ 55 ರನ್ ಗಳಿಸಿದರೆ ಎದುರಾಳಿ ಪಿಟ್ಸ್‌ಬರ್ಗ್ ಗಳಿಸಿದ್ದು ಕೇವಲ 27. ಆದರೂ ಏಳನೆಯ ಪಂದ್ಯದ ಕೊನೆಯ ಇನಿಂಗ್‌ನಲ್ಲಿ ಬಿಲ್ ಮ್ಯಾಜರೋಸ್ಕಿ ಚೆಂಡನ್ನು ಬೇಲಿಯಾಚೆ ಕಳಿಸಿ ಗಳಿಸಿದ ಹೋಮ್ ರನ್‌ನಿಂದ ಸರಣಿ ಪಿಟ್ಸ್‌ಬರ್ಗ್ ಪಾಲಾಯಿತು. ಸ್ಟೆಂಗೆಲ್ ತಪ್ಪು ಮಾಡಿರಲಿಲ್ಲವೆಂದಲ್ಲ. ತಂಡದ ಶ್ರೇಷ್ಠ ಪಿಚರ್ ವೈಟಿ ಫೋರ್ಡ್‌ರನ್ನು ಮೊದಲ ಪಂದ್ಯಕ್ಕೆ ಇಳಿಸದೆ ಮೂರನೆಯದಕ್ಕೆ ಕಾದಿರಿಸಿದ್ದರಿಂದ, ಎರಡು ಪಂದ್ಯಗಳಲ್ಲಿ ಒಂದೂ ರನ್ ಬಿಟ್ಟುಕೊಡದ ಫೋರ್ಡ್ ನಿರ್ಣಾಯಕ ಪಂದ್ಯಕ್ಕೆ ಸಿಗದಂತಾದರು. ಸೋತು ಐದೇ ದಿನಕ್ಕೆ ಸ್ಟೆಂಗೆಲ್ ಹುದ್ದೆ ಹೋಯಿತು. ಎಪ್ಪತ್ತು ವರ್ಷವಾಗುವ ತಪ್ಪನ್ನು ಇನ್ನೆಂದೂ ಮಾಡುವುದಿಲ್ಲ ಎಂಬ ಅರ್ಥದ ಅವರ ಮಾತನ್ನು ಅಮೆರಿಕದ ಅಭಿಮಾನಿಗಳು ಇಂದಿಗೂ ನೆನೆಯುತ್ತಾರೆ. ಅವರ ನಂತರ ಬಂದ ರಾಲ್ಫ್ ಹೌಕ್ ಮುಂದಿನ ಎರಡೂ ವರ್ಷ ಗೆದ್ದದ್ದರಿಂದ ಆಡಳಿತದ ನಿರ್ಧಾರವೇ ಸರಿ ಎಂಬ ಭಾವನೆ ಬೇರೂರಿತು.

1973ರಲ್ಲಿ ತಂಡವನ್ನು ಕೊಂಡ ಜಾರ್ಜ್ ಸ್ಟೈನ್‌ಬ್ರೆನರ್ ಈ ಭಾವನೆಯನ್ನು ಅಭ್ಯಾಸವಾಗಿಸಿದರು. ಬಿಲ್ಲಿ ಮಾರ್ಟಿನ್‌ರನ್ನು ಐದು ಸಲ ನೇಮಿಸಿ ಐದು ಸಲವೂ ಕಳೆದುಕೊಂಡರು. ತಂಡದ ದಂತಕಥೆಯಾಗಿದ್ದ ಯೋಗಿ ಬೆರಾ ಅವರನ್ನು 1985ರಲ್ಲಿ ಕೇವಲ ಹದಿನಾರು ಪಂದ್ಯಗಳಾದ ಮೇಲೆ ತೆಗೆದುಹಾಕಿದರು. ನೊಂದ ಬೆರಾ ಹದಿನಾಲ್ಕು ವರ್ಷ ಯಾಂಕೀ ಸ್ಟೇಡಿಯಂ ಕಡೆ ಸುಳಿಯಲಿಲ್ಲ.

ಇಂಥ ಮನೆಗೆ 1995ರ ನವೆಂಬರ್‌ನಲ್ಲಿ ಟೋರಿ ಬಂದಾಗ ಅವರ ಬೆನ್ನಿಗಿದ್ದುದು ಮೆಟ್ಸ್, ಬ್ರೇವ್ಸ್, ಕಾರ್ಡಿನಲ್ಸ್ ಎಂಬ ಮೂರು ತಂಡಗಳಿಂದ ಹೊರಹಾಕಿಸಿಕೊಂಡ ಚರಿತ್ರೆ: 894 ಗೆಲುವು, 1003 ಸೋಲು. ಏನೂ ಅರಿಯದ ಜೋ ಎಂದು ನ್ಯೂಯಾರ್ಕಿನ ಪತ್ರಿಕೆಯೊಂದು ಶೀರ್ಷಿಕೆಯಲ್ಲೇ ಬರೆಯಿತು. ಮರುವರ್ಷವೇ ಯಾಂಕೀಸ್ ಹದಿನೆಂಟು ವರ್ಷಗಳ ನಂತರ ವರ್ಲ್ಡ್ ಸೀರೀಸ್ ಗೆದ್ದಿತು. 1998, 1999, 2000ರಲ್ಲಿ ಮತ್ತೆ ಗೆದ್ದಿತು. 1998ರ ತಂಡದ 114 ಗೆಲುವುಗಳ ಬಗ್ಗೆ ಒಂದು ಮಾತನ್ನು ಇಲ್ಲಿ ಹೇಳಲೇಬೇಕು: ಆಟದ ಇತಿಹಾಸದ ಅತ್ಯುತ್ತಮ ತಂಡಗಳಲ್ಲಿ ಒಂದೆನಿಸಿದ ಅದು ಕೂಡ ಋತುವಿನಲ್ಲಿ 48 ಪಂದ್ಯ ಸೋತಿತ್ತು, ಅಂದರೆ ಹತ್ತರಲ್ಲಿ ಸುಮಾರು ಮೂರು. ಅಷ್ಟು ಬಲವಾದ ತಂಡಕ್ಕೇ ಇಷ್ಟು ಸೋಲು ಸಹಜವಾಗಿರುವ ಆಟದಲ್ಲಿ, ಐದು ಪಂದ್ಯಗಳ ಸರಣಿಯೊಂದರಲ್ಲಿ ಮೂರು ಸೋತದ್ದನ್ನು ಒಬ್ಬ ವ್ಯಕ್ತಿಯ ಅಯೋಗ್ಯತೆಗೆ ಪುರಾವೆಯಾಗಿ ಹಿಡಿಯುವುದು ನನಗೆ ಎಂದೂ ಒಪ್ಪಿಗೆಯಾಗಿಲ್ಲ.

ಟೋರಿಯವರ ಮೇಲಿನ ದೂರುಗಳು ಪೊಳ್ಳಾಗಿರಲಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. 2003ರ ವರ್ಲ್ಡ್ ಸೀರೀಸ್‌ನ ನಾಲ್ಕನೆಯ ಪಂದ್ಯ ಒಂಬತ್ತು ಇನಿಂಗ್‌ಗಳಲ್ಲಿ ಸಮಬಲವಾಗಿ ಹೆಚ್ಚುವರಿ ಇನಿಂಗ್‌ಗಳಿಗೆ ಹೋದಾಗ, ಪಂದ್ಯದ ಕೊನೆಗೆ ಮುನ್ನಡೆ ಕಾಯಲು ಇಳಿಯುವ ಪಿಚರ್‌ಗಳಲ್ಲೇ ಅತ್ಯುತ್ತಮರಾದ ಮರಿಯಾನೊ ರಿವೆರಾ ಅವರನ್ನು ಮುನ್ನಡೆ ಸಿಗುವವರೆಗೆ ಇಳಿಸದೆ ಜೆಫ್ ವೀವರ್ ಕೈಗೆ ಚೆಂಡು ಕೊಟ್ಟರು; ಹನ್ನೆರಡನೆಯ ಇನಿಂಗ್‌ನಲ್ಲಿ ವೀವರ್ ಬಿಟ್ಟುಕೊಟ್ಟ ಹೋಮ್ ರನ್‌ಗೆ ಪಂದ್ಯ ಹೋಯಿತು, ಸರಣಿಯೂ ಫ್ಲೋರಿಡಾ ತಂಡದ ಕಡೆ ತಿರುಗಿತು. 2004ರಲ್ಲಿ ಬೋಸ್ಟನ್ ರೆಡ್ ಸಾಕ್ಸ್ ವಿರುದ್ಧ ಮೊದಲ ಮೂರು ಪಂದ್ಯ ಗೆದ್ದು ಉಳಿದ ನಾಲ್ಕನ್ನೂ ಸೋತದ್ದು ಬೇಸ್‌ಬಾಲ್‌ನಲ್ಲಿ ಅದುವರೆಗೆ ಯಾರಿಗೂ ಆಗದ ಕುಸಿತ. ನಂಬಿದ ಪಿಚರ್‌ಗಳನ್ನೇ ಮತ್ತೆ ಮತ್ತೆ ದುಡಿಸುವುದು ಅವರ ದೊಡ್ಡ ದೋಷ: 2004ರಲ್ಲಿ ಪಾಲ್ ಕ್ವಾಂಟ್ರಿಲ್ 86 ಪಂದ್ಯಗಳಲ್ಲಿ, 2006ರಲ್ಲಿ ಸ್ಕಾಟ್ ಪ್ರಾಕ್ಟರ್ 83 ಪಂದ್ಯಗಳಲ್ಲಿ ಚೆಂಡೆಸೆದರು. 2006ರಲ್ಲಿ ಡೆಟ್ರಾಯಿಟ್ ವಿರುದ್ಧ ಮುಗ್ಗರಿಸುತ್ತಿದ್ದಾಗ ತಂಡದ ಅತಿ ದುಬಾರಿ ಆಟಗಾರ ಅಲೆಕ್ಸ್ ರೊಡ್ರಿಗಸ್ ಅವರನ್ನು ಎಂಟನೆಯ ಕ್ರಮಾಂಕಕ್ಕೆ ತಳ್ಳಿದರು. ಬೋಸ್ಟನ್ ವಿರುದ್ಧದ ಆ ಕುಸಿತದಿಂದ 2007ರವರೆಗಿನ ಹದಿನೇಳು ಪ್ಲೇಆಫ್ ಪಂದ್ಯಗಳಲ್ಲಿ ಗೆದ್ದದ್ದು ನಾಲ್ಕು, ಸೋತದ್ದು ಹದಿಮೂರು. ಆಟದಲ್ಲೇ ಅತಿ ಹೆಚ್ಚು ಸಂಬಳ ಕೊಡುವ ಮಾಲೀಕನಿಗೆ ಈ ಲೆಕ್ಕ ಚುಚ್ಚುವುದು ಸಹಜ.

ಆದರೆ 2007ರ ಋತುವನ್ನು ಬಿಡಿಯಾಗಿ ನೋಡಿದರೆ ಚಿತ್ರ ಬೇರೆ. ಪಿಚರ್‌ಗಳ ಗಾಯದಿಂದಾಗಿ ಹೊಸಬರನ್ನು ಒಬ್ಬರ ಮೇಲೊಬ್ಬರಂತೆ ಇಳಿಸಬೇಕಾಗಿ ಬಂದು, ಮೇ ತಿಂಗಳ ಕೊನೆಗೆ ತಂಡ 21 ಗೆದ್ದು 29 ಸೋತಿತ್ತು. ತನ್ನ ವಿಭಾಗದ ಪಟ್ಟಿಯಲ್ಲಿ ಬೋಸ್ಟನ್‌ಗಿಂತ ಹದಿನಾಲ್ಕೂವರೆ ಪಂದ್ಯ ಹಿಂದಿತ್ತು. ಆಗಲೇ ಅವರನ್ನು ತೆಗೆಯಬೇಕೆಂಬ ಕೂಗು ಎದ್ದಿತ್ತು. ಅಲ್ಲಿಂದ ಮುಂದೆ ತಂಡ 73 ಗೆದ್ದು 39 ಸೋತು, ಬೋಸ್ಟನ್‌ಗಿಂತ ಎರಡೇ ಪಂದ್ಯ ಹಿಂದೆ ಋತು ಮುಗಿಸಿ ಪ್ಲೇಆಫ್ ತಲುಪಿತು. ಮ್ಯಾನೇಜರ್ ಒಬ್ಬನ ಕೈಗುಣ ಎಂಬುದೇನಾದರೂ ಇದ್ದರೆ ಅದು ಆ ನಾಲ್ಕು ತಿಂಗಳಲ್ಲಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಅವರನ್ನು ಉಳಿಸಿಕೊಳ್ಳಬೇಕಿತ್ತು ಎನ್ನಲು ನಾನು ಕೊಡುವ ಕಾರಣವೂ ಅದೇ. ಹಳೆಯ ನಾಲ್ಕು ಪ್ರಶಸ್ತಿಗಳಲ್ಲ.

ಪ್ಲೇಆಫ್‌ನಲ್ಲಿ ಕ್ಲೀವ್‌ಲ್ಯಾಂಡ್ ಎದುರಾಳಿ. ಎರಡನೆಯ ಪಂದ್ಯದ ಎಂಟನೆಯ ಇನಿಂಗ್‌ನಲ್ಲಿ ಯಾಂಕೀಸ್ ಒಂದು ರನ್ ಮುಂದಿದ್ದಾಗ, ಈರಿ ಸರೋವರದ ಕಡೆಯಿಂದ ಸಣ್ಣ ಹುಳಗಳ ಹಿಂಡು ಮೈದಾನವನ್ನು ಮುತ್ತಿಕೊಂಡಿತು. ಬೆವರಿದ ಕತ್ತಿಗೆ, ಮುಖಕ್ಕೆ ಹುಳ ಅಂಟಿಕೊಂಡಿದ್ದಂತೆಯೇ ಚೆಂಡೆಸೆದ ಯುವ ಪಿಚರ್ ಜಾಬಾ ಚೇಂಬರ್ಲಿನ್ ದಿಕ್ಕು ತಪ್ಪಿದರು. ಸಮಬಲದ ರನ್ ಬಂದದ್ದು ಅವರ ಅಡ್ಡಾದಿಡ್ಡಿ ಎಸೆತದಿಂದ. ಹನ್ನೊಂದನೆಯ ಇನಿಂಗ್‌ನಲ್ಲಿ ಪಂದ್ಯ 2–1ರಿಂದ ಕೈತಪ್ಪಿತು. ತಂಡವನ್ನು ಆಗ ಮೈದಾನದಿಂದ ಹೊರಗೆ ಕರೆಯಬೇಕಿತ್ತೆಂದು ಟೋರಿ ಮುಂದೆ ಒಪ್ಪಿಕೊಂಡರು. ಮೂರನೆಯ ಪಂದ್ಯಕ್ಕೆ ಮುನ್ನ ಸ್ಟೈನ್‌ಬ್ರೆನರ್ ಪತ್ರಿಕೆಯೊಂದಕ್ಕೆ ಮಾತನಾಡಿ, ಈ ಸರಣಿ ಸೋತರೆ ಟೋರಿ ಮರಳುವುದು ಅನುಮಾನ ಎಂಬ ಸುಳಿವು ಕೊಟ್ಟರು. ಮೂರನೆಯದನ್ನು ಗೆದ್ದ ತಂಡ ಅಕ್ಟೋಬರ್ 8ರಂದು ನಾಲ್ಕನೆಯದನ್ನು 6–4ರಿಂದ ಸೋತು ಹೊರಬಿತ್ತು.

ಹತ್ತು ದಿನದ ನಂತರದ ಕರಾರು ಆ ನಾಲ್ಕು ಪಂದ್ಯಗಳ ನೆರಳಿನಲ್ಲಿ ಬರೆದದ್ದು. ಬೇಡವೆನಿಸಿದರೆ ಬೇಡವೆನ್ನುವ ಹಕ್ಕು ಮಾಲೀಕನಿಗಿದೆ, ಹನ್ನೆರಡು ವರ್ಷದ ನಂತರ ಹೊಸ ದನಿ ಬೇಕೆನಿಸುವುದರಲ್ಲೂ ತಪ್ಪಿಲ್ಲ. ಆದರೆ 1173 ಪಂದ್ಯ ಗೆಲ್ಲಿಸಿ, ಹನ್ನೆರಡಕ್ಕೆ ಹನ್ನೆರಡು ವರ್ಷವೂ ಪ್ಲೇಆಫ್‌ಗೆ ಕರೆದೊಯ್ದವರ ಮುಂದೆ, ಗೆಲ್ಲುವ ಆಸೆ ಹುಟ್ಟಲು ಹಣದ ಆಮಿಷ ಬೇಕೆಂಬಂಥ ಷರತ್ತು ಇಟ್ಟದ್ದನ್ನು ಹೇಗೆ ನೋಡಿದರೂ ಸಮರ್ಥಿಸಲಾಗದು. ಉಳಿಸಿಕೊಳ್ಳುವ ಧೈರ್ಯವಾಗಲಿ, ಕಳಿಸುವ ಧೈರ್ಯವಾಗಲಿ ಆ ಕಾಗದದಲ್ಲಿರಲಿಲ್ಲ.

ಟೋರಿ ನಂತರ ಲಾಸ್ ಏಂಜಲೀಸ್ ಡಾಡ್ಜರ್ಸ್ ಸೇರಿದರು. ಅಲ್ಲಿ ಅವರಿಗೆ ಮುನ್ನ ಇದ್ದವರು ಗ್ರೇಡಿ ಲಿಟಲ್. 2003ರಲ್ಲಿ ಬೋಸ್ಟನ್ ಮ್ಯಾನೇಜರ್ ಆಗಿದ್ದ ಲಿಟಲ್, ದಣಿದ ಪೆಡ್ರೊ ಮಾರ್ಟಿನೆಸ್ ಅವರನ್ನು ಯಾಂಕೀಸ್ ವಿರುದ್ಧದ ಏಳನೆಯ ಪಂದ್ಯದ ಎಂಟನೆಯ ಇನಿಂಗ್‌ನಲ್ಲಿ ಬದಲಿಸದೆ ಮುನ್ನಡೆ ಕಳೆದುಕೊಂಡು, ಆ ಋತುವಿನ 95 ಗೆಲುವುಗಳ ಹೊರತಾಗಿಯೂ ಹುದ್ದೆ ಕಳೆದುಕೊಂಡವರು. ಟೋರಿ ಇಲ್ಲದ ಯಾಂಕೀಸ್ 2008ರಲ್ಲಿ ಪ್ಲೇಆಫ್ ತಪ್ಪಿಸಿಕೊಂಡಿತು, ಆದರೆ 2009ರಲ್ಲಿ ಜೋ ಜಿರಾರ್ಡಿ ಕೈಯಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತು. ಅದೇ ಜಿರಾರ್ಡಿ 2017ರಲ್ಲಿ ವರ್ಲ್ಡ್ ಸೀರೀಸ್‌ಗೆ ಒಂದೇ ಗೆಲುವಿನ ದೂರದಲ್ಲಿ ಹ್ಯೂಸ್ಟನ್‌ಗೆ ಸೋತಾಗ ಅವರ ಕರಾರೂ ನವೀಕರಣವಾಗಲಿಲ್ಲ. ಬದಲಿಗೆ ಬಂದವರು ಏರನ್ ಬೂನ್. 2003ರ ಆ ಏಳನೆಯ ಪಂದ್ಯದ ಹನ್ನೊಂದನೆಯ ಇನಿಂಗ್‌ನಲ್ಲಿ ಹೋಮ್ ರನ್ ಹೊಡೆದು ಬೋಸ್ಟನ್ ಕತೆ ಮುಗಿಸಿದ್ದ ಆಟಗಾರ. 2024ರ ವರ್ಲ್ಡ್ ಸೀರೀಸ್‌ನಲ್ಲಿ ಬೂನ್ ಎದುರಿಗಿದ್ದ ಡಾಡ್ಜರ್ಸ್ ಡಗ್‌ಔಟ್‌ನಲ್ಲಿ ಡೇವ್ ರಾಬರ್ಟ್ಸ್ ಇದ್ದರು. 2004ರಲ್ಲಿ ಪಿಚರ್ ಚೆಂಡೆಸೆಯುವಷ್ಟರಲ್ಲಿ ಮುಂದಿನ ಬೇಸ್‌ಗೆ ಓಡಿ, ಅಂದರೆ ಬೇಸ್ ಕದ್ದು, ಟೋರಿ ತಂಡದ ಕುಸಿತಕ್ಕೆ ಮೊದಲಿಟ್ಟವರು ಅವರೇ. ಐದನೆಯ ಪಂದ್ಯದಲ್ಲಿ ಐದು ರನ್‌ಗಳ ಮುನ್ನಡೆ ಕಳೆದುಕೊಂಡು ಯಾಂಕೀಸ್ ಸರಣಿಯನ್ನು 4–1ರಿಂದ ಸೋತಿತು, ಬೂನ್ ಹೋಗಬೇಕೆಂಬ ಕೂಗು ನ್ಯೂಯಾರ್ಕಿನಲ್ಲಿ ಮತ್ತೆ ಎದ್ದಿತು, ಮತ್ತು 2025ರ ಫೆಬ್ರುವರಿಯಲ್ಲಿ ಸ್ಟೈನ್‌ಬ್ರೆನರ್ ಅವರ ಮಗ ಹ್ಯಾಲ್ ನಡೆಸುವ ಆಡಳಿತ ಬೂನ್ ಅವರ ಕರಾರನ್ನು 2027ರವರೆಗೆ ವಿಸ್ತರಿಸಿತು.