ನಾಲ್ಕು ಜನ ಏನಂತಾರೆ? ಆಟಿಸಂ ಮತ್ತು ಲಿಂಗ ಗುರುತಿನ ನಂಟು

ಒಂದು ಕೋಣೆ, ಒಂದು ಕಂಪ್ಯೂಟರ್. ಪರದೆಯ ಮೇಲೆ ಒಂದೇ ಥರದ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ನಿಮ್ಮ ಕೈಯಿಂದ ಇಷ್ಟು ಹಣ ಹೋಗುತ್ತದೆ, ಯುನಿಸೆಫ್‌ಗೆ ಅಷ್ಟು ಸೇರುತ್ತದೆ. ಒಪ್ಪಿಗೆಯೋ, ಬೇಡವೋ? ಕೆಲವು ಸುತ್ತುಗಳಲ್ಲಿ ಕೋಣೆಯಲ್ಲಿ ನೀವೊಬ್ಬರೇ ಇರುತ್ತೀರಿ. ಇನ್ನು ಕೆಲವು ಸುತ್ತುಗಳಲ್ಲಿ ಒಬ್ಬರು ಅಲ್ಲೇ ಕೂತು ನೋಡುತ್ತಿರುತ್ತಾರೆ.

ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಕೇಯ್ಸೆ ಇಜುಮಾ ಮತ್ತು ಜೊತೆಗಾರರು ಮಾಡಿದ ಪ್ರಯೋಗ ಇದು. 2011ರಲ್ಲಿ ಪ್ರಕಟವಾಯಿತು. ಆಟಿಸಂ ಅಂದರೆ ಹುಟ್ಟಿನಿಂದಲೇ ಮಿದುಳು ಕೆಲಸ ಮಾಡುವ ರೀತಿ ಬೇರೆಯಾಗಿರುವುದು, ಜನರ ಜೊತೆ ಬೆರೆಯುವ, ಮಾತಾಡುವ ರೀತಿಯೂ ಅದರಿಂದ ಬೇರೆಯಾಗಿರುತ್ತದೆ. ಆಟಿಸಂ ಇಲ್ಲದವರು ಯಾರಾದರೂ ನೋಡುತ್ತಿದ್ದಾಗ ಜಾಸ್ತಿ ದಾನ ಮಾಡಿದರು. ಇದು ನಮಗೇನೂ ಹೊಸದಲ್ಲ. ಮಂಗಳಾರತಿ ತಟ್ಟೆ ಬರುವಾಗ ಪಕ್ಕದಲ್ಲಿ ಬೀಗರು ನಿಂತಿದ್ದರೆ ಕೈ ಹತ್ತರ ನೋಟು ಬಿಟ್ಟು ನೂರರ ನೋಟಿಗೆ ಹೋಗುತ್ತದೆ, ಅಲ್ವಾ? ಆಟಿಸಂ ಇರುವವರು ಮಾತ್ರ ನೋಡುವವರಿದ್ದರೂ ಅಷ್ಟೇ ಕೊಟ್ಟರು, ಇಲ್ಲದಿದ್ದರೂ ಅಷ್ಟೇ ಕೊಟ್ಟರು.

ಅಲ್ಲಿ ಒಬ್ಬರು ಕೂತಿರುವುದು ಅವರ ಗಮನಕ್ಕೇ ಬರಲಿಲ್ಲವೇ? ಬಂದಿತ್ತು. ಏಕಾಗ್ರತೆಯ ಇನ್ನೊಂದು ಪರೀಕ್ಷೆ ಕೊಟ್ಟಾಗ, ಯಾರೋ ನೋಡುತ್ತಿದ್ದಾರೆ ಅಂದ ಕೂಡಲೇ ಎರಡೂ ಗುಂಪಿನವರು ಇನ್ನೂ ಚೆನ್ನಾಗಿ ಮಾಡಿದರು. ಅಂದರೆ ಪಕ್ಕದಲ್ಲಿ ಜನ ಇದ್ದಾರೆ ಅನ್ನುವುದು ಗೊತ್ತಿತ್ತು. ಆದರೆ ಆ ಜನ ತಮ್ಮನ್ನು ಒಳ್ಳೆಯವರು ಅಂದುಕೊಳ್ಳಲಿ ಅನ್ನುವ ಲೆಕ್ಕ ದಾನದೊಳಗೆ ಸೇರಲಿಲ್ಲ.

ಸಣ್ಣ ಪ್ರಯೋಗ, ಭಾಗವಹಿಸಿದವರೂ ಕಡಿಮೆ. ಆದರೂ ಆಟಿಸಂ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಇದೇ. ನಮ್ಮ ಬದುಕಿನ ಅರ್ಧ ಭಾಗ ‘ನಾಲ್ಕು ಜನ ಏನಂತಾರೆ’ ಅನ್ನುವ ಪ್ರಶ್ನೆಯ ಮೇಲೆ ನಿಂತಿದೆ. ಹುಡುಗ ಹೇಗೆ ನಡೆಯಬೇಕು, ಹುಡುಗಿ ಎಷ್ಟು ಜೋರಾಗಿ ನಗಬಹುದು, ಯಾರು ಯಾರನ್ನು ಇಷ್ಟಪಡಬಹುದು, ಇವೆಲ್ಲ ಆ ನಾಲ್ಕು ಜನರ ಕೈಯಲ್ಲಿವೆ. ಆ ದನಿ ಅಷ್ಟು ಗಟ್ಟಿಯಾಗಿ ಕೇಳಿಸದ ಮನಸ್ಸು ತನ್ನನ್ನು ತಾನು ಹೇಗೆ ಗುರುತಿಸಿಕೊಳ್ಳುತ್ತದೆ?

2010ರಿಂದ ಈಚೆಗೆ ಬಂದ ಅಂಕಿಗಳು ಈ ಪ್ರಶ್ನೆಯನ್ನು ದೊಡ್ಡದು ಮಾಡಿವೆ. 2010ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ವೈದ್ಯರು, ತಮ್ಮ ಲಿಂಗ ಗುರುತಿನ ಕ್ಲಿನಿಕ್ಕಿಗೆ (ಹುಟ್ಟಿದಾಗ ಹೇಳಿದ ಲಿಂಗ ತಮ್ಮದಲ್ಲ ಅನ್ನಿಸುವವರು ಬರುವ ಕಡೆ) ಬಂದ 204 ಮಕ್ಕಳು ಮತ್ತು ಹದಿಹರೆಯದವರನ್ನು ಪರೀಕ್ಷಿಸಿದರು. ಶೇಕಡಾ 7.8 ಮಂದಿಗೆ ಆಟಿಸಂ ಇತ್ತು. ಸಾಮಾನ್ಯ ಜನರಲ್ಲಿ ಇದು ಶೇಕಡಾ 1ರ ಆಸುಪಾಸು ಅಂತ ಆಗ ಲೆಕ್ಕವಿತ್ತು.

ಆಮೇಲೆ 2020ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವರುಣ್ ವಾರಿಯರ್, ಸೈಮನ್ ಬ್ಯಾರನ್-ಕೋಹೆನ್ ಮತ್ತು ಜೊತೆಗಾರರು 6,41,860 ಜನರ ಮಾಹಿತಿಯನ್ನು ಒಟ್ಟು ಹಾಕಿ ನೋಡಿದರು. ಹುಟ್ಟಿದಾಗ ಹೇಳಿದ ಲಿಂಗವೇ ತಮ್ಮದು ಅನ್ನುವವರಿಗೆ ಹೋಲಿಸಿದರೆ, ಟ್ರಾನ್ಸ್‌ಜೆಂಡರ್ ಜನರಲ್ಲಿ ಮತ್ತು ‘ಗಂಡೂ ಅಲ್ಲ, ಹೆಣ್ಣೂ ಅಲ್ಲ’ ಅನ್ನುವವರಲ್ಲಿ ಆಟಿಸಂ ಇರುವ ಸಾಧ್ಯತೆ 3ರಿಂದ 6 ಪಟ್ಟು ಜಾಸ್ತಿ ಇತ್ತು. ಈ ಮಾಹಿತಿ ಬಂದದ್ದು ಐದು ಬೇರೆ ಬೇರೆ ಕಡೆಗಳಿಂದ. ಅದರಲ್ಲಿ ದೊಡ್ಡದು ಬ್ರಿಟನ್ನಿನ ಚಾನೆಲ್ 4 ಟೀವಿಯ ಒಂದು ಕಾರ್ಯಕ್ರಮದ ಜೊತೆ ನಡೆದ ಸಮೀಕ್ಷೆ, ಐದು ಲಕ್ಷಕ್ಕೂ ಹೆಚ್ಚು ಜನ ಉತ್ತರಿಸಿದ್ದು. ಅಲ್ಲಿ ಮೊದಲ ಗುಂಪಿನಲ್ಲಿ ಶೇಕಡಾ 5 ಮಂದಿಗೆ ಆಟಿಸಂ ಇದ್ದರೆ, ಎರಡನೇ ಗುಂಪಿನಲ್ಲಿ ಶೇಕಡಾ 24 ಮಂದಿಗಿತ್ತು.

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಆಟಿಸಂ ಬಗ್ಗೆ ಟೀವಿಯಲ್ಲಿ ಕಾರ್ಯಕ್ರಮ ಬಂದರೆ, ಅದರ ಸಮೀಕ್ಷೆ ತುಂಬುವವರಲ್ಲಿ ‘ನನಗೂ ಇರಬಹುದಾ’ ಅನ್ನುವ ಅನುಮಾನ ಇರುವವರೇ ಜಾಸ್ತಿ ಇರುತ್ತಾರೆ. ಹಾಗಾಗಿ ಆ 5, 24 ಅನ್ನುವ ಅಂಕಿಗಳನ್ನು ಇಡೀ ಊರಿಗೆ ಹಚ್ಚಬಾರದು. ನಂಬಿಕೆ ಬರುವುದು ಇನ್ನೊಂದು ಕಾರಣಕ್ಕೆ. ಐದೂ ಕಡೆ, ಬೇರೆ ಬೇರೆ ರೀತಿಯಲ್ಲಿ ಕೂಡಿಸಿದ ಮಾಹಿತಿಯಲ್ಲಿ, ವಾಲಿದ್ದು ಒಂದೇ ದಿಕ್ಕಿಗೆ. ಇನ್ನೊಂದು ಮಾತನ್ನೂ ಮರೆಯಬಾರದು. 24 ಅಂದರೆ ಉಳಿದ 76 ಮಂದಿಗೆ ಆಟಿಸಂ ಇಲ್ಲ ಅಂತ. ಟ್ರಾನ್ಸ್‌ಜೆಂಡರ್ ಆಗಿರುವುದು ಆಟಿಸಂನ ಲಕ್ಷಣವೂ ಅಲ್ಲ, ಆಟಿಸಂ ಇರುವವರೆಲ್ಲ ಟ್ರಾನ್ಸ್‌ಜೆಂಡರ್ ಕೂಡ ಅಲ್ಲ.

ಲಿಂಗ ಗುರುತು ಅಂದರೆ ‘ನಾನು ಯಾರು’ ಅನ್ನುವುದು. ಲೈಂಗಿಕ ಒಲವು ಅಂದರೆ ‘ನನ್ನ ಮನಸ್ಸು ಯಾರ ಕಡೆ’ ಅನ್ನುವುದು. ಎರಡೂ ಬೇರೆ. ಒಲವಿನ ಬಗ್ಗೆ 2021ರಲ್ಲಿ ಎಲಿಜಬೆತ್ ವಿಯರ್ ಮತ್ತು ಜೊತೆಗಾರರು, ಅದೂ ಕೇಂಬ್ರಿಡ್ಜ್‌ನವರೇ, 16ರಿಂದ 90 ವರ್ಷದೊಳಗಿನ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಹೆಸರು ಕೇಳದೆ ಪ್ರಶ್ನಿಸಿದರು. ಅರ್ಧದಷ್ಟು ಮಂದಿಗೆ ಆಟಿಸಂ ಇತ್ತು. ತಮಗೆ ಯಾರ ಮೇಲೂ ಲೈಂಗಿಕ ಸೆಳೆತ ಇಲ್ಲ ಅಂದವರು ಆಟಿಸಂ ಗುಂಪಿನಲ್ಲಿ ಸುಮಾರು 8 ಪಟ್ಟು ಜಾಸ್ತಿ ಇದ್ದರು. ಆಟಿಸಂ ಇರುವ ಗಂಡಸರಲ್ಲಿ ಗಂಡು ಹೆಣ್ಣು ಇಬ್ಬರ ಕಡೆಗೂ ಒಲವಿರುವವರು ಮೂರೂವರೆ ಪಟ್ಟು, ಆಟಿಸಂ ಇರುವ ಹೆಂಗಸರಲ್ಲಿ ಸಲಿಂಗಿಗಳು ಮೂರು ಪಟ್ಟು. ಅದೇ ಅಧ್ಯಯನ ಇನ್ನೊಂದು ಹಳೇ ನಂಬಿಕೆಯನ್ನೂ ಮುರಿಯಿತು. ಆಟಿಸಂ ಇದ್ದವರಿಗೆ ಇದರಲ್ಲೆಲ್ಲ ಆಸಕ್ತಿಯೇ ಇರುವುದಿಲ್ಲ ಅಂತ ಎಷ್ಟೋ ವೈದ್ಯರೂ ತಿಳಿದಿದ್ದರು. ಅಲ್ಲಿ ಉತ್ತರಿಸಿದ ಆಟಿಸಂ ಇರುವವರಲ್ಲಿ 10ಕ್ಕೆ 7ಕ್ಕೂ ಹೆಚ್ಚು ಮಂದಿಗೆ ಲೈಂಗಿಕ ಬದುಕು ಇತ್ತು.

ಯಾಕೆ ಹೀಗೆ? ಬ್ಯಾರನ್-ಕೋಹೆನ್ 2002ರಲ್ಲಿ ಒಂದು ವಾದ ಮುಂದಿಟ್ಟಿದ್ದರು. ಆಟಿಸಂ ಅಂದರೆ ಗಂಡು ಮಿದುಳಿನ ಗುಣಗಳು ಅತಿಯಾಗಿರುವುದು, ಹೊಟ್ಟೆಯಲ್ಲಿದ್ದಾಗ ಮಗುವಿಗೆ ತಾಗಿದ ಟೆಸ್ಟೋಸ್ಟಿರಾನ್ ಅದಕ್ಕೆ ಕಾರಣ ಇರಬಹುದು ಅಂತ. ಹೆಣ್ಣಾಗಿ ಹುಟ್ಟಿ ತಾನು ಗಂಡು ಅನ್ನುವವರನ್ನು ಮಾತ್ರ ನೋಡಿದರೆ ಇದು ಹೊಂದಿದ ಹಾಗೆ ಕಾಣುತ್ತದೆ. ಆದರೆ ಗಂಡಾಗಿ ಹುಟ್ಟಿ ತಾನು ಹೆಣ್ಣು ಅನ್ನುವವರಲ್ಲೂ ಆಟಿಸಂ ಜಾಸ್ತಿ ಇದೆ. ಅಲ್ಲಿಗೆ ಆ ವಾದ ನಿಲ್ಲುತ್ತದೆ. ಒಂದು ಹಾರ್ಮೋನ್ ತೋರಿಸಿ ಮುಗಿಸುವ ವಿಷಯ ಇದಲ್ಲ ಅಂತ ನನಗನ್ನಿಸುತ್ತದೆ.

ನನಗೆ ಹೆಚ್ಚು ಸರಿ ಅನ್ನಿಸುವುದು ಆ ದಾನದ ಪ್ರಯೋಗ ತೋರಿಸಿದ ದಾರಿ. ನಾವು ಎಷ್ಟೋ ನಿಯಮಗಳನ್ನು ಗೊತ್ತೇ ಆಗದ ಹಾಗೆ ಕಲಿಯುತ್ತೇವೆ. ಕಾಲು ಅಗಲ ಮಾಡಿ ಕೂರಬೇಡ, ಹುಡುಗ ಆಗಿ ಅಳ್ತೀಯಾ, ಹುಡುಗಿಗೆ ಯಾಕೆ ಅಷ್ಟು ಹಟ. ಯಾರೋ ಒಂದು ಸಲ ಕಣ್ಣು ಬಿಟ್ಟರೆ ಸಾಕು, ಒಳಗೆ ಇಳಿದುಬಿಡುತ್ತದೆ. ಆಮೇಲೆ ಅದು ನಿಯಮ ಅನ್ನುವುದೇ ಮರೆತು ಹೋಗುತ್ತದೆ, ನಮ್ಮ ಸ್ವಭಾವವೇ ಅದು ಅನ್ನಿಸುತ್ತದೆ. ಆಟಿಸಂ ಇರುವ ಮಗುವಿಗೆ ಹಾಗೆ ಇಳಿಯುವುದಿಲ್ಲ. ಅದು ಒಂದೊಂದು ನಿಯಮವನ್ನೂ ಲೆಕ್ಕದ ಸೂತ್ರದ ಹಾಗೆ ಬಾಯಿಪಾಠ ಮಾಡಬೇಕು. ಹೀಗೆ ಕಲಿತವರಿಗೆ ಇದು ಯಾರೋ ಮಾಡಿದ ನಿಯಮ ಅನ್ನುವುದು ಯಾವಾಗಲೂ ಕಣ್ಣಿಗೆ ಕಾಣುತ್ತಿರುತ್ತದೆ. ‘ಯಾಕೆ?’ ಅಂತ ಕೇಳುತ್ತಾರೆ. ಸರಿಯಾದ ಉತ್ತರ ಸಿಗದಿದ್ದರೆ ಬಿಟ್ಟುಬಿಡುತ್ತಾರೆ. ಅಂಥವರಿಗೆ ‘ನಾನು ಹುಡುಗಿ ಅಲ್ಲ’ ಅನ್ನುವ ಮಾತು ಬಾಯಿಗೆ ಬರಲು ಅಷ್ಟು ಅಡ್ಡಿ ಇರುವುದಿಲ್ಲ. ಆಟಿಸಂ ಇಲ್ಲದ ಎಷ್ಟು ಜನ ಅದೇ ಮಾತನ್ನು ನಾಲ್ಕು ಜನರಿಗೆ ಹೆದರಿ ನುಂಗಿಕೊಂಡಿದ್ದಾರೋ! ಹಾಗೆ ನೋಡಿದರೆ ಈ ವ್ಯತ್ಯಾಸದ ಒಂದು ಭಾಗ ಪ್ರಾಮಾಣಿಕತೆಯ ವ್ಯತ್ಯಾಸವೂ ಇರಬಹುದು.

ಆದರೆ ಎಲ್ಲರೂ ಹಾಗೆ ಹೇಳಿಬಿಡುವುದಿಲ್ಲ. ಬೈಸಿಕೊಂಡು, ನಗೆಪಾಟಲಾಗಿ, ಬಹಳ ಜನ ಮುಚ್ಚಿಕೊಳ್ಳುವುದನ್ನು ಕಲಿಯುತ್ತಾರೆ. ಕಣ್ಣಲ್ಲಿ ಕಣ್ಣಿಟ್ಟು ನೋಡಲು ಆಗದಿದ್ದರೆ ಹುಬ್ಬುಗಳ ನಡುವೆ ನೋಡುತ್ತಾರೆ. ಫೋನ್ ಮಾಡುವ ಮುಂಚೆ ಮಾತನ್ನು ಬರೆದು ಅಭ್ಯಾಸ ಮಾಡುತ್ತಾರೆ. ಗೆಳತಿ ನಕ್ಕ ಹಾಗೆ ನಗುತ್ತಾರೆ. ಸಂಶೋಧಕರು ಇದನ್ನು ಮುಖವಾಡ ಅನ್ನುತ್ತಾರೆ. ಹುಡುಗಿಯರಲ್ಲಿ ಆಟಿಸಂ ತಡವಾಗಿ ಪತ್ತೆಯಾಗಲು ಇದೂ ಒಂದು ಕಾರಣ. ಹಗಲೆಲ್ಲ ಇದನ್ನು ಹೊತ್ತು ಮನೆಗೆ ಬಂದಾಗ ಆಗುವ ಸುಸ್ತು ನಿದ್ದೆಯಿಂದ ಹೋಗುವಂಥದ್ದಲ್ಲ. 2018ರಲ್ಲಿ ಬ್ರಿಟನ್ನಿನ ಸಾರಾ ಕ್ಯಾಸಿಡಿ ಮತ್ತು ಜೊತೆಗಾರರು, ಮುಖವಾಡ ಜಾಸ್ತಿ ಹಾಕುವವರಲ್ಲಿ ಸಾಯುವ ಯೋಚನೆಯೂ ಜಾಸ್ತಿ ಅಂತ ಕಂಡುಕೊಂಡರು. ಈಗ ಅದರ ಮೇಲೆ ಇನ್ನೊಂದು ಮುಖವಾಡ ಸೇರಿಸಿ. ಆಟಿಸಂ ಮುಚ್ಚಬೇಕು, ಜೊತೆಗೆ ತಾನು ಸಲಿಂಗಿ ಅನ್ನುವುದನ್ನೂ ಮುಚ್ಚಬೇಕು.

ಈ ಎರಡನ್ನೂ ಒಂದೇ ಮನುಷ್ಯ, ಒಂದೇ ವಿಧಾನದಿಂದ ಅಳಿಸಲು ಹೊರಟ ಕಥೆಯನ್ನು ಇಲ್ಲಿ ಹೇಳಲೇಬೇಕು. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಐವಾರ್ ಲೋವಾಸ್ ಅಂತ ಒಬ್ಬ ಮನೋವಿಜ್ಞಾನಿ ಇದ್ದರು. ಆಟಿಸಂ ಇರುವ ಮಕ್ಕಳಿಗೆ ಬಹುಮಾನ ಮತ್ತು ಶಿಕ್ಷೆಯ ಮೂಲಕ ‘ಸಾಮಾನ್ಯ’ ನಡವಳಿಕೆ ಕಲಿಸುವ ಪದ್ಧತಿಗೆ ಅವರು ಹೆಸರಾದವರು. ಇವತ್ತು ಎಬಿಎ (ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್) ಅಂತ ಕರೆಯುವ ಚಿಕಿತ್ಸೆಗೆ ಅವರ ಕೆಲಸ ದೊಡ್ಡ ತಳಹದಿ. ಅವರೇ 1974ರಲ್ಲಿ ಜಾರ್ಜ್ ರೆಕರ್ಸ್ ಜೊತೆ ಸೇರಿ ಇನ್ನೊಂದು ಪ್ರಬಂಧ ಬರೆದರು. ಅದು ಹುಡುಗಿಯರ ಹಾಗೆ ಆಡುತ್ತಿದ್ದ ಒಬ್ಬ ಪುಟ್ಟ ಹುಡುಗನನ್ನು ‘ಸರಿಮಾಡಿದ’ ಬಗ್ಗೆ.

ಕೋಣೆಯಲ್ಲಿ ಎರಡು ಥರದ ಆಟಿಕೆ ಇಟ್ಟಿದ್ದರು. ತಾಯಿಯ ಕಿವಿಗೆ ಹೆಡ್‌ಫೋನ್, ಅದರಲ್ಲಿ ಸಂಶೋಧಕರ ಸೂಚನೆ. ಮಗು ಹುಡುಗರ ಆಟಿಕೆ ಮುಟ್ಟಿದರೆ ನಗಬೇಕು, ಮಾತಾಡಿಸಬೇಕು. ಹುಡುಗಿಯರ ಆಟಿಕೆ ಮುಟ್ಟಿದರೆ ಮುಖ ತಿರುಗಿಸಬೇಕು. ಮನೆಯಲ್ಲಿ, ಹುಡುಗನ ಹಾಗೆ ಆಡಿದರೆ ನೀಲಿ ಬಿಲ್ಲೆ, ಹುಡುಗಿಯ ಹಾಗೆ ಆಡಿದರೆ ಕೆಂಪು ಬಿಲ್ಲೆ. ನೀಲಿಗೆ ಮಿಠಾಯಿ, ಕೆಂಪಿಗೆ ಅಪ್ಪನ ಕೈಯಿಂದ ಪೆಟ್ಟು. ಚಿಕಿತ್ಸೆ ಗೆದ್ದಿದೆ ಅಂತ ಪ್ರಬಂಧ ಸಾರಿತು. ಆ ಹುಡುಗ ದೊಡ್ಡವನಾದ, ಸಲಿಂಗಿಯಾಗಿಯೇ ಇದ್ದ. 2003ರಲ್ಲಿ, 38ನೇ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡ. ಬಾಲ್ಯದಲ್ಲಿ ಏನಾಗಿತ್ತು ಅನ್ನುವುದನ್ನು ಅವನ ಮನೆಯವರು 2011ರಲ್ಲಿ ಲೋಕದ ಮುಂದೆ ಹೇಳಿದರು. ಇದನ್ನು ಓದುವಾಗ ಆ ತಾಯಿ ಮುಖ ತಿರುಗಿಸಿ ಕೂತ ಹೊತ್ತು ನನಗೆ ಕಣ್ಣೆದುರು ಬರುತ್ತದೆ. ಆ ಮಗು ನೋಡಿದ್ದು ಅದನ್ನೇ.

ಈಗ ಕಾಲ ಬದಲಾಗಿದೆ. ನಮ್ಮ ದೇಶದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಲಿಂಗ ಗುರುತು ಅವರವರು ಹೇಳಿಕೊಳ್ಳುವ ಹಕ್ಕು ಅಂದಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿತು. 2018ರಲ್ಲಿ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ತೀರ್ಪು ಬಂತು. ಆದರೆ ಎರಡೂ ಒಬ್ಬರಲ್ಲೇ ಇದ್ದಾಗ ಹೊಸ ತೊಡಕು ಹುಟ್ಟುತ್ತದೆ. ಆಟಿಸಂ ಇರುವ ಹುಡುಗ ‘ನಾನು ಹೆಣ್ಣು’ ಅಂದರೆ, ‘ಅದೊಂದು ಗೀಳು, ಮೊದಲು ರೈಲಿನ ಹುಚ್ಚಿತ್ತು, ಈಗ ಇದು’ ಅನ್ನುತ್ತಾರೆ. ರೈಲಿನ ಗೀಳಿಗೂ ‘ನಾನು ಯಾರು’ ಅನ್ನುವ ಅರಿವಿಗೂ ಇರುವ ವ್ಯತ್ಯಾಸ, ಕೂತು ಕೇಳಿದರೆ ಗೊತ್ತಾಗುವಂಥದ್ದು. ಕೇಳುವ ತಾಳ್ಮೆ ಬೇಕು, ಅಷ್ಟೆ. ವಾಷಿಂಗ್ಟನ್‌ನ ಮಕ್ಕಳ ಆಸ್ಪತ್ರೆಯ ಜಾನ್ ಸ್ಟ್ರ್ಯಾಂಗ್ ಮತ್ತು ಹಲವು ತಜ್ಞರು ಸೇರಿ ಬರೆದ ಮಾರ್ಗಸೂಚಿಯ ಸಾರವೂ ಇದೇ. ಆಟಿಸಂ ಇದೆ ಅನ್ನುವ ಒಂದೇ ಕಾರಣಕ್ಕೆ ಲಿಂಗ ಗುರುತಿನ ಮಾತನ್ನು ತಳ್ಳಿಹಾಕಬಾರದು. ಹಾಗಂತ ಅವಸರವನ್ನೂ ಮಾಡಬಾರದು. ಜಾಸ್ತಿ ಸಮಯ ಕೊಡಬೇಕು, ಬಿಡಿಸಿ ಹೇಳಬೇಕು.

ಕನ್ನಡದಲ್ಲಿ ನಾವು ‘ಮಗು ಬಂತು’, ‘ಮಗು ಅಳ್ತಿದೆ’ ಅನ್ನುತ್ತೇವೆ. ಮಗುವಿಗೆ ನಮ್ಮ ವ್ಯಾಕರಣದಲ್ಲಿ ಗಂಡು ಹೆಣ್ಣಿಲ್ಲ. ಎಷ್ಟು ಚಂದದ ಬಳಕೆ! ಆದರೆ ಆಟಿಸಂ ಇರುವ ಇಪ್ಪತ್ತೈದು ವರ್ಷದವರ ಬಗ್ಗೆಯೂ ಮನೆಯವರು ‘ಅದಕ್ಕೇನು ಗೊತ್ತಾಗುತ್ತೆ, ಮಗು ಅದು’ ಅಂದಾಗ ಎದೆ ಧಸಕ್ಕನ್ನುತ್ತದೆ. ಮಗು ಅಂದ ಮೇಲೆ ಮೈಯ ಬಗ್ಗೆ, ಆಸೆಯ ಬಗ್ಗೆ, ಬೇಡ ಅನ್ನುವ ಹಕ್ಕಿನ ಬಗ್ಗೆ ಯಾರೂ ಹೇಳಿಕೊಡುವುದಿಲ್ಲ. ಬೇರೆ ಮಕ್ಕಳು ಗೆಳೆಯರ ಪಿಸುಮಾತಿನಲ್ಲಿ ಒಂದಿಷ್ಟಾದರೂ ಕಲಿಯುತ್ತಾರೆ. ಇವರಿಗೆ ಆ ಗೆಳೆಯರ ಗುಂಪೇ ಇರುವುದಿಲ್ಲ ಎಷ್ಟೋ ಸಲ. ಮೊಬೈಲೇ ಗುರು. ಲೈಂಗಿಕ ದೌರ್ಜನ್ಯಕ್ಕೆ ಇವರು ಸುಲಭವಾಗಿ ಸಿಕ್ಕಿಬೀಳುವುದಕ್ಕೆ ಇದೂ ಕಾರಣ. ಇನ್ನು ಮಗು ಅಂದವರೇ ಒಂದು ದಿನ ‘ಮದುವೆ ಮಾಡಿದ್ರೆ ಎಲ್ಲ ಸರಿ ಹೋಗುತ್ತೆ’ ಅನ್ನುತ್ತಾರೆ. ಸಲಿಂಗಿ ಮಕ್ಕಳಿಗೆ ಹೇಳುವುದೂ ಇದೇ ಮಾತು. ಈ ಒಂದು ಮಾತಿನಿಂದ ಎಷ್ಟು ಜೋಡಿಗಳ ಬದುಕು ಕೆಟ್ಟಿದೆಯೋ.

ಮನೆಯಲ್ಲಿ ಇಂಥ ಮಾತು ಎದ್ದಾಗ ಎದುರು ಕೂರಿಸಿಕೊಂಡು ‘ಹೇಳು, ನನ್ನ ಮುಖ ನೋಡಿ ಹೇಳು’ ಅನ್ನಬೇಡಿ. ಆಟಿಸಂ ಇರುವ ಬಹಳ ಜನರಿಗೆ ಬಾಯಲ್ಲಿ ಹೇಳುವುದಕ್ಕಿಂತ ಬರೆಯುವುದು ಸಲೀಸು. ಒಂದು ಚೀಟಿಯಲ್ಲೋ ವಾಟ್ಸಾಪ್‌ನಲ್ಲೋ ಒಂದೇ ಒಂದು ಪ್ರಶ್ನೆ ಬರೆಯಿರಿ, ಸುತ್ತು ಬಳಸು ಇಲ್ಲದೆ. ನಿನ್ನನ್ನು ಯಾವ ಹೆಸರಿಂದ ಕರೆಯಲಿ? ಉತ್ತರ ಬರಲು ಮೂರು ದಿನ ಆಗಬಹುದು. ಮಧ್ಯೆ ಮಧ್ಯೆ ‘ಏನಾಯ್ತು’ ಅಂತ ಕೇಳದೆ ಸುಮ್ನೆ ಕಾಯಿರಿ, ಊಟಕ್ಕೆ ಮಾತ್ರ ಎಂದಿನ ಹಾಗೆ ಕರೆಯಿರಿ.