ಬನ್ನಿ ಹಾಪ್ ಕಲಿಯುವವರಿಗೆ: ಹ್ಯಾಂಡಲ್ ಎಳೆಯದೆ ಸೈಕಲ್ ನೆಗೆಸುವ ಬಗೆ

ಓಡುತ್ತಿರುವ ಸೈಕಲ್ಲಿನ ಎರಡೂ ಚಕ್ರಗಳನ್ನು, ದಿಬ್ಬದ ಅಥವಾ ಹಲಗೆಯ ನೆರವಿಲ್ಲದೆ, ಸವಾರನ ಮೈಯ ಚಲನೆಯೊಂದರಿಂದಲೇ ನೆಲದಿಂದ ಎತ್ತಿ, ಎದುರಿಗಿರುವ ಅಡ್ಡಿಯನ್ನು ದಾಟಿಸಿ ಮತ್ತೆ ನೆಲಕ್ಕಿಳಿಸುವ ಕೌಶಲಕ್ಕೆ ಬನ್ನಿ ಹಾಪ್ ಎಂದು ಹೆಸರು. ಇಲ್ಲಿನ ‘ಬನ್ನಿ’ ಎಂಬುದು ಮೊಲಕ್ಕೆ ಇಂಗ್ಲಿಷಿನಲ್ಲಿರುವ ಮುದ್ದಿನ ಹೆಸರೇ ಹೊರತು ನಮ್ಮ ದಸರೆಯ ಬನ್ನಿಯಲ್ಲ. ಸೈಕಲ್ ಕಸರತ್ತುಗಳಲ್ಲಿ ಇದನ್ನು ಅಡಿಪಾಯವೆಂದು ಎಣಿಸುತ್ತಾರೆ. ರಸ್ತೆಯ ಗುಂಡಿ ದಾಟುವುದರಿಂದ ಹಿಡಿದು ಒಲಿಂಪಿಕ್ಸಿನಲ್ಲಿ ಕಾಣುವ, ಬಿಎಂಎಕ್ಸ್ ಎಂಬ ಚಿಕ್ಕ ಚಕ್ರದ ಗಟ್ಟಿ ಸೈಕಲ್ಲಿನ ಕಸರತ್ತು ಸ್ಪರ್ಧೆಯಾದ ಫ್ರೀಸ್ಟೈಲಿನವರೆಗೆ ಎಲ್ಲದರಲ್ಲೂ ಇದರ ಅಂಶವಿದೆ. (ಬಿಎಂಎಕ್ಸ್ ಓಟದ ಸ್ಪರ್ಧೆ 2008ರ ಬೀಜಿಂಗ್ ಕ್ರೀಡಾಕೂಟದಲ್ಲಿ ಒಲಿಂಪಿಕ್ಸಿಗೆ ಸೇರಿತು, ಫ್ರೀಸ್ಟೈಲ್ 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಸೇರಿತು.)

ದಾವಣಗೆರೆಯ ಹೊರವಲಯದಲ್ಲಿ, ರಸ್ತೆ ಹಾಕಿ ಸೈಟು ಬಿಡಿಸಿ ಇನ್ನೂ ಮನೆಗಳೇಳದ ಒಂದು ಬಡಾವಣೆಯಲ್ಲಿ, ನಾನು ಸುಮಾರು ಐದು ತಿಂಗಳು ಇದನ್ನು ತಪ್ಪಾಗಿಯೇ ಅಭ್ಯಾಸ ಮಾಡಿದೆ. ಆ ಐದು ತಿಂಗಳಲ್ಲಿ ನನ್ನ ಹಿಂದಿನ ಚಕ್ರ ಮೂರು ಬೆರಳಿನ ಎತ್ತರಕ್ಕಿಂತ ಮೇಲೆ ಏಳಲಿಲ್ಲ. ತಪ್ಪು ಯಾವುದೆಂದು ತಿಳಿದ ಮೇಲೆ ಆರೇ ವಾರಗಳಲ್ಲಿ ಅದು ಒಂದು ಗೇಣಿನ ಮೇಲೆ ಏರಿತು. ಆ ತಪ್ಪನ್ನು ಬಿಡಿಸಿ ತೋರಿಸುವುದಕ್ಕಾಗಿಯೇ ಈ ಟಿಪ್ಪಣಿ ಬರೆಯುತ್ತಿದ್ದೇನೆ.

ತಪ್ಪಿನ ಮೂಲ

ಹೊಸದಾಗಿ ಕಲಿಯುವ ಪ್ರತಿಯೊಬ್ಬರೂ ಮೊದಲು ಮಾಡುವುದು ಹ್ಯಾಂಡಲ್ ಹಿಡಿದು ಮೇಲಕ್ಕೆ ಎಳೆಯುವ ಪ್ರಯತ್ನವನ್ನು. ತಾನು ಕುಳಿತ ಚಾಪೆಯ ಅಂಚನ್ನು ಹಿಡಿದು ಎಷ್ಟೇ ಜಗ್ಗಿದರೂ ಚಾಪೆ ಮೇಲೇಳುವುದಿಲ್ಲವಷ್ಟೆ; ಇಲ್ಲಿಯೂ ನಡೆಯುವುದು ಅದೇ. ಕೈ ಹ್ಯಾಂಡಲನ್ನು ಎಷ್ಟು ಬಲದಿಂದ ಮೇಲಕ್ಕೆ ಎಳೆಯುತ್ತದೋ ಅಷ್ಟೇ ಬಲದಿಂದ ಪಾದಗಳು ಪೆಡಲನ್ನು ಕೆಳಕ್ಕೆ ಒತ್ತುತ್ತವೆ. ಮುಂದಿನ ಚಕ್ರ ಎದ್ದರೂ ಸವಾರನ ಭಾರವೆಲ್ಲ ಹಿಂದಿನ ಚಕ್ರದ ಮೇಲೆಯೇ ಕೂತಿರುತ್ತದೆ.

ನನ್ನ ಹ್ಯಾಂಡಲಿನ ಬೋಲ್ಟು ವಾರಕ್ಕೊಮ್ಮೆ ಸಡಿಲವಾಗುತ್ತಿದ್ದುದನ್ನು ಗಮನಿಸಿದ ಸೈಕಲ್ ಶಾಪಿನ ಹಿರಿಯರೊಬ್ಬರು ಅಂಗಡಿಯ ಮುಂದೆಯೇ ಒಮ್ಮೆ ಮಾಡಿ ತೋರಿಸಲು ಹೇಳಿದರು. ನೋಡಿದವರು ಹೇಳಿದ್ದು ಇಷ್ಟೇ: “ಹ್ಯಾಂಡಲ್ ಎಳೀಬೇಡ ತಮ್ಮಾ, ನೀನು ಎದ್ದು ನಿಂತ್ಕೋ, ಸೈಕಲ್ ತಾನಾಗೇ ಬರ್ತೈತೆ.” ಅವರು ಬನ್ನಿ ಹಾಪ್ ಎಂಬ ಹೆಸರನ್ನು ಕೇಳಿದವರಲ್ಲ. ಆದರೂ ಆ ಒಂದು ಮಾತಿನಲ್ಲಿ ವಿಷಯದ ತಿರುಳೆಲ್ಲ ಇದೆಯೆಂದು ನನಗೆ ಆಮೇಲೆ ಅರ್ಥವಾಯಿತು.

ಎತ್ತರ ಎಲ್ಲಿಂದ ಬರುತ್ತದೆ

ಇದನ್ನು ಎರಡು ಪಾಲಾಗಿ ನೋಡಬೇಕು. ಮೊದಲನೆಯದು ಕಾಲುಗಳ ನೆಗೆತ. ಮಂಡಿ ಮಡಚಿ ಕೆಳಗಿಳಿದ ಸವಾರ ರಭಸದಿಂದ ಎದ್ದು ನಿಲ್ಲುವಾಗ ಹಿಂದಿನ ಚಕ್ರ ನೆಲವನ್ನು ಒತ್ತುತ್ತದೆ, ನೆಲ ತಿರುಗಿ ಒತ್ತುತ್ತದೆ, ಸವಾರ ಮತ್ತು ಸೈಕಲ್ ಎರಡರ ಒಟ್ಟು ಭಾರದ ಕೇಂದ್ರ ಮೇಲಕ್ಕೆ ಚಿಮ್ಮುತ್ತದೆ. ಆ ಕೇಂದ್ರ 20 ಸೆಂ.ಮೀ. ಏರಬೇಕಾದರೆ ನೆಲ ಬಿಡುವ ಕ್ಷಣದಲ್ಲಿ ಅದರ ಮೇಲ್ಮುಖ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಇರಬೇಕು, ಮತ್ತು ಏರಿ ಇಳಿಯಲು ಒಟ್ಟು ಸುಮಾರು 0.4 ಸೆಕೆಂಡ್ ಸಾಕು. ಗಂಟೆಗೆ 12 ಕಿ.ಮೀ. ವೇಗದಲ್ಲಿದ್ದರೆ ಅಷ್ಟರಲ್ಲಿ ಸೈಕಲ್ ಮುಂದಕ್ಕೆ ಸುಮಾರು 1.3 ಮೀಟರ್ ಹೋಗಿರುತ್ತದೆ.

ಎರಡನೆಯ ಪಾಲು ಗಾಳಿಯಲ್ಲಿ ಕಾಲು ಮಡಚಿ ಸೈಕಲ್ಲನ್ನು ಮೈಯ ಹತ್ತಿರಕ್ಕೆ ಬರಗೊಡುವುದು. ನೆಲ ಬಿಟ್ಟ ಮೇಲೆ ಒಟ್ಟು ಭಾರದ ಕೇಂದ್ರದ ದಾರಿಯನ್ನು ಯಾರೂ ಬದಲಿಸಲಾರರು. ಆದರೆ ಆ ಕೇಂದ್ರದ ಸುತ್ತ ಸೈಕಲ್ ಮೇಲೆ ಬಂದು ಮೈ ಸ್ವಲ್ಪ ಕೆಳಗಿಳಿಯಬಹುದು. ಸವಾರ 60 ಕಿಲೊ, ಸೈಕಲ್ 14 ಕಿಲೊ ಎಂದುಕೊಳ್ಳಿ. ಇವೆರಡರ ನಡುವಿನ ಅಂತರವನ್ನು 30 ಸೆಂ.ಮೀ. ಕುಗ್ಗಿಸಿದರೆ ಸೈಕಲ್ ಸುಮಾರು 24 ಸೆಂ.ಮೀ. ಮೇಲೇರುತ್ತದೆ, ಮೈ ಕೇವಲ 6 ಸೆಂ.ಮೀ.ನಷ್ಟು ಕೆಳಗಿಳಿಯುತ್ತದೆ. ಹಗುರವಾದುದೇ ಹೆಚ್ಚು ಚಲಿಸುವುದರಿಂದ ಹೀಗಾಗುತ್ತದೆ. ಇದೇ ಲೆಕ್ಕವನ್ನು 18 ಕಿಲೊ ತೂಕದ ಅಗ್ಗದ ಗೇರ್ ಸೈಕಲ್ಲಿಗೆ ಹಾಕಿ ನೋಡಿದರೆ 24ರ ಬದಲು 23 ಸೆಂ.ಮೀ. ಸಿಗುತ್ತದೆ, ಅಷ್ಟೇ. ‘ನಮ್ಮ ಸೈಕಲ್ ಭಾರ, ಅದಕ್ಕೇ ಏಳುವುದಿಲ್ಲ’ ಎಂದು ನಾವು ಗೆಳೆಯರೆಲ್ಲ ಹೇಳಿಕೊಳ್ಳುತ್ತಿದ್ದ ಮಾತಿನಲ್ಲಿ ಹುರುಳು ಕಡಿಮೆಯೆಂದು ಈ ಲೆಕ್ಕದಿಂದ ನನಗೆ ಮನವರಿಕೆಯಾಯಿತು. ದುಬಾರಿ ಸೈಕಲ್ ಕೊಳ್ಳಲಾಗದ ಹುಡುಗ ಹುಡುಗಿಯರು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ನನ್ನ ಆಸೆ.

ಹಿಂದಿನ ಚಕ್ರ ಏಳುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಮುಂದಿನ ಚಕ್ರ ಮೇಲಿದ್ದು ಸೈಕಲ್ ಓರೆಯಾಗಿರುವಾಗ ಹ್ಯಾಂಡಲನ್ನು ಮುಂದಕ್ಕೆ ತಳ್ಳಿದರೆ ಇಡೀ ಸೈಕಲ್ ಗಾಳಿಯಲ್ಲಿ ತಿರುಗುತ್ತದೆ: ಮೂತಿ ಕೆಳಗಿಳಿಯುತ್ತದೆ, ಬಾಲ ಮೇಲೇರುತ್ತದೆ. ಅದೇ ಹೊತ್ತಿಗೆ ಪಾದದ ತುದಿಯನ್ನು ಕೆಳಮುಖ ಮಾಡಿ ಪೆಡಲನ್ನು ಹಿಂದಕ್ಕೆ ಒತ್ತಿದರೆ, ಪಾದ ಮತ್ತು ಪೆಡಲಿನ ಹಿಡಿತ ಉಳಿದು, ಸೈಕಲ್ ಪಾದದ ಜೊತೆಗೇ ಮೇಲೆ ಬರುತ್ತದೆ. ಒದ್ದ ಹಾಗಲ್ಲ, ಚಪ್ಪಲಿಗೆ ಮೆತ್ತಿದ ಕೆಸರನ್ನು ಕಲ್ಲಿನ ಅಂಚಿಗೆ ಒರೆಸುವಾಗ ಪಾದ ಹೇಗೆ ಹಿಂದಕ್ಕೆ ಸರಿಯುತ್ತದೋ ಹಾಗೆ.

ಎರಡು ಬಗೆಯ ನೆಗೆತ

ಎರಡೂ ಚಕ್ರಗಳನ್ನು ಒಮ್ಮೆಗೇ ಎತ್ತುವುದನ್ನು ಇಂಗ್ಲಿಷ್ ಹಾಪ್ ಎನ್ನುತ್ತಾರೆ. ಬೂಟು ಪೆಡಲಿಗೆ ಕಚ್ಚಿಕೊಂಡಿದ್ದರೆ ಇದು ತೀರ ಸುಲಭ, ಆದರೆ ಎತ್ತರ ಸಿಗುವುದಿಲ್ಲ. ಮೊದಲು ಮುಂದಿನದು, ಆಮೇಲೆ ಹಿಂದಿನದು ಏಳುವುದು ಅಮೆರಿಕನ್ ಹಾಪ್. ಈ ಟಿಪ್ಪಣಿಯಲ್ಲಿ ಹೇಳುತ್ತಿರುವುದು ಎರಡನೆಯದನ್ನು. ಬೂಟು ಕಚ್ಚುವ ಪೆಡಲಿನಲ್ಲಿ ಕಲಿತವರ ತಪ್ಪುಗಳು ಮರೆಯಾಗಿಯೇ ಉಳಿಯುತ್ತವೆ. ಆದ್ದರಿಂದ ಸಾಮಾನ್ಯ ಚಪ್ಪಟೆ ಪೆಡಲಿನಲ್ಲೇ ಕಲಿಯಿರಿ.

ಬಿಡಿಬಿಡಿಯಾಗಿ ಅಭ್ಯಾಸ

ಪೂರ್ತಿ ನೆಗೆತವನ್ನು ಮೊದಲ ದಿನವೇ ಮಾಡಲು ಹೊರಡಬಾರದು. ಸೀಟನ್ನು ಆದಷ್ಟು ಕೆಳಗಿಳಿಸಿ, ಪೆಡಲುಗಳನ್ನು ನೆಲಕ್ಕೆ ಸಮನಾಗಿ ಇಟ್ಟು ಎದ್ದು ನಿಂತು, ಓಡುವ ನಡಿಗೆಯ ವೇಗದಲ್ಲಿ ಸಾಗುವುದನ್ನು ಮೊದಲು ರೂಢಿಸಿಕೊಳ್ಳಿ. ಪ್ರತಿಯೊಬ್ಬರಿಗೂ ಮುಂದಿಡಲು ಸಲೀಸಾದ ಒಂದು ಕಾಲಿರುತ್ತದೆ. ಅದು ಯಾವುದೆಂದು ಕಂಡುಕೊಳ್ಳಲು ಇದೇ ಹೊತ್ತು.

ಮುಂದಿನ ಚಕ್ರ ಎತ್ತುವ ಪಾಠಕ್ಕೆ ಅತಿ ಹೆಚ್ಚು ದಿನಗಳನ್ನು ಕೊಡಿ. ಎದೆಯನ್ನು ಹ್ಯಾಂಡಲಿನ ಕಡೆಗೆ ಇಳಿಸಿ, ಮೊಣಕೈ ಮತ್ತು ಮಂಡಿ ಮಡಚಿ ಕುಗ್ಗಬೇಕು. ಅಲ್ಲಿಂದ ಸೊಂಟವನ್ನು ಹಿಂದಕ್ಕೆ, ಹಿಂದಿನ ಚಕ್ರದ ಮೇಲ್ಭಾಗದತ್ತ ಒಯ್ಯಬೇಕು. ತೋಳುಗಳು ಈಗ ನೆಟ್ಟಗಾಗಿ, ಬಾವಿಯ ಹಗ್ಗದಂತೆ ಬಿಗಿಯಾಗುತ್ತವೆ; ಹಗ್ಗ ತಾನಾಗಿ ಎಳೆಯುವುದಿಲ್ಲ, ಹಿಂದಕ್ಕೆ ವಾಲಿದ ಮೈಯ ಭಾರ ಎಳೆಯುತ್ತದೆ. ಚಕ್ರ ತೇಲಿದಂತೆ ಮೇಲೇಳುತ್ತದೆ. ಈ ಹೊತ್ತಿನಲ್ಲಿ ಹಿಂದಿನ ಬ್ರೇಕಿನ ಮೇಲೆ ಒಂದು ಬೆರಳು ಇರಲೇಬೇಕು. ಹಿಂದಕ್ಕೆ ಬೀಳುವಂತಾದರೆ ಅದನ್ನು ಮೆಲ್ಲಗೆ ಒತ್ತಿದ ಕೂಡಲೇ ಮೂತಿ ಕೆಳಗಿಳಿಯುತ್ತದೆ. ಯಾವ ಲಿವರ್ ಯಾವ ಚಕ್ರದ್ದು ಎಂಬುದನ್ನು ಸೈಕಲ್ ಬದಲಾದಾಗಲೆಲ್ಲ ನೋಡಿಕೊಳ್ಳಿ, ಏಕೆಂದರೆ ಎಲ್ಲ ಸೈಕಲ್ಲುಗಳಲ್ಲೂ ಜೋಡಣೆ ಒಂದೇ ಬಗೆಯದಾಗಿರುವುದಿಲ್ಲ.

ಹಿಂದಿನ ಚಕ್ರವನ್ನು ಮಾತ್ರ ಎತ್ತುವ ಅಭ್ಯಾಸ ಬೇರೆ. ನಿಧಾನವಾಗಿ ಸಾಗುತ್ತ, ಭಾರವನ್ನು ತುಸು ಮುಂದಕ್ಕೆ ತಂದು, ಮೇಲೆ ಹೇಳಿದ ಹಾಗೆ ಪಾದಗಳಿಂದ ಹಿಂದಕ್ಕೆ ಒರೆಸಿ ಮಂಡಿ ಮಡಚಿದರೆ ಸಾಕು. ಎರಡೇ ದಿನಗಳಲ್ಲಿ ಬರುತ್ತದೆ.

ಇವೆರಡನ್ನೂ ಜೋಡಿಸುವ ನಡುವಿನ ಕೊಂಡಿಯೇ ಆ ಹಿರಿಯರು ಹೇಳಿದ ಎದ್ದು ನಿಲ್ಲುವ ಕ್ರಿಯೆ. ಮುಂದಿನ ಚಕ್ರ ಏಳುತ್ತಿರುವಂತೆಯೇ ಸೊಂಟವನ್ನು ಹಿಂದಿನಿಂದ ಹ್ಯಾಂಡಲಿನ ಕಡೆಗೆ ರಭಸವಾಗಿ ತಂದು, ಮಂಡಿಗಳನ್ನು ನೇರಮಾಡಿ, ಇನ್ನೇನು ಪೆಡಲಿನಿಂದಲೇ ಹಾರಿಬಿಡುವವರಂತೆ ಪೂರ್ತಿ ನೆಟ್ಟಗೆ ನಿಲ್ಲಬೇಕು. ಪಕ್ಕದಿಂದ ನೋಡಿದವರಿಗೆ ಸೊಂಟ ಮೊದಲು ಕೆಳಕ್ಕೂ ಹಿಂದಕ್ಕೂ ಹೋಗಿ, ಅನಂತರ ಮುಂದಕ್ಕೂ ಮೇಲಕ್ಕೂ ಬರುವುದು ಕಾಣಬೇಕು. ಬಹಳಷ್ಟು ಮಂದಿ ಅರ್ಧ ನಿಂತಿರುವಾಗಲೇ ಹಿಂದಿನ ಚಕ್ರಕ್ಕಾಗಿ ಅವಸರಪಟ್ಟು ಕಾಲು ಮಡಚಿಬಿಡುತ್ತಾರೆ. ಆಗ ನೆಗೆತವೇ ಇರುವುದಿಲ್ಲ, ಮಡಚಲು ಎತ್ತರವೂ ಉಳಿದಿರುವುದಿಲ್ಲ. ಗೆಳೆಯರೊಬ್ಬರ ಕೈಗೆ ಮೊಬೈಲ್ ಕೊಟ್ಟು ಪಕ್ಕದಿಂದ ನಿಧಾನಗತಿಯ ವಿಡಿಯೊ ತೆಗೆಸಿ, ಮಂಡಿ ನೇರವಾದ ಕ್ಷಣವೊಂದು ಅದರಲ್ಲಿ ಇದೆಯೇ ಎಂದು ಹುಡುಕಿ. ಆ ಕ್ಷಣ ಕಾಣದಿದ್ದರೆ ಬೇರೆ ಯಾವುದನ್ನೂ ತಿದ್ದಲು ಹೋಗಬೇಡಿ.

ಇಳಿಯುವಾಗ ಎರಡೂ ಚಕ್ರ ಒಟ್ಟಿಗೆ, ಇಲ್ಲವೇ ಹಿಂದಿನದು ಕೂದಲೆಳೆಯಷ್ಟು ಮೊದಲು ನೆಲ ಮುಟ್ಟಬೇಕು. ಹ್ಯಾಂಡಲ್ ನೇರವಾಗಿರಬೇಕು, ಮುಂದಿನ ಬ್ರೇಕಿನ ಮೇಲೆ ಕೈ ಇರಬಾರದು, ಕಣ್ಣು ಚಕ್ರವನ್ನಲ್ಲ, ನಾಲ್ಕೈದು ಮೀಟರ್ ಮುಂದಿನ ನೆಲವನ್ನು ನೋಡುತ್ತಿರಬೇಕು.

ಸಮಯದ ಅಂದಾಜು

ಮೌಂಟನ್ ಬೈಕಿನ ಎರಡು ಚಕ್ರಗಳ ನಡುಗೂಟಗಳ ಅಂತರ ಸುಮಾರು 1.1 ಮೀಟರ್. ಗಂಟೆಗೆ 12 ಕಿ.ಮೀ. ವೇಗದಲ್ಲಿ ಮುಂದಿನ ಚಕ್ರ ದಾಟಿದ ಜಾಗಕ್ಕೆ ಹಿಂದಿನ ಚಕ್ರ ಬರಲು ಒಂದು ಸೆಕೆಂಡಿನ ಮೂರನೇ ಒಂದು ಭಾಗ ಹಿಡಿಯುತ್ತದೆ. ಎಂದರೆ ಎರಡೂ ಚಕ್ರಗಳು ಒಂದೇ ಕ್ಷಣದಲ್ಲಿ ಅತಿ ಎತ್ತರದಲ್ಲಿರಬೇಕಾದ ಅಗತ್ಯವೇ ಇಲ್ಲ. ಅಡ್ಡಿಯ ಮೇಲೆ ಮೊದಲು ಮೂತಿ, ಆಮೇಲೆ ಬಾಲ ಹಾದುಹೋದರೆ ಸಾಕು. ತೀರ ನಿಧಾನವಾಗಿ ಹೋದರೆ ಈ ಅವಧಿ ಹಿಗ್ಗಿ, ಹಿಂದಿನ ಚಕ್ರ ಅಡ್ಡಿಯನ್ನು ತಲುಪುವ ಮೊದಲೇ ನೆಗೆತ ಮುಗಿದುಹೋಗುತ್ತದೆ. ಹೆದರಿಕೆಯಿಂದ ವೇಗ ಕಡಿಮೆ ಮಾಡಿದವರಿಗೇ ಹಿಂದಿನ ಚಕ್ರ ಹೆಚ್ಚಾಗಿ ತಗಲುವುದಕ್ಕೆ ಇದೇ ಕಾರಣ.

ಜಾಗ ಮತ್ತು ಅಡ್ಡಿ

ನಮ್ಮ ಕಡೆಯ ಎರೆಮಣ್ಣಿನ ಬಯಲು ಈ ಅಭ್ಯಾಸಕ್ಕೆ ಹೊಂದುವುದಿಲ್ಲ. ಮಳೆಗಾಲದಲ್ಲಿ ಅದು ಟಯರಿಗೆ ಮೆತ್ತಿ ಚಕ್ರವೇ ತಿರುಗದಂತೆ ಮಾಡುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಚಕ್ರ ಸಿಕ್ಕಿಸುತ್ತದೆ. ಗರಸು ಹಾಕಿ ತುಳಿದು ಗಟ್ಟಿಯಾದ ನೆಲ, ಇಲ್ಲವೇ ವಾಹನಗಳಿಲ್ಲದ ಡಾಂಬರು ರಸ್ತೆ ಉತ್ತಮ. ಕುಂದವಾಡ ಕೆರೆಯ ಏರಿಯಂತಹ ಕಡೆ ಬೆಳಗ್ಗೆ ಹಿರಿಯರು ನಡೆದಾಡುತ್ತಾರೆ; ಅಲ್ಲಿ ಬೇಡ. ಚಿತ್ರದುರ್ಗದ ಗೆಳೆಯರು ಕೋಟೆಯ ಮೆಟ್ಟಿಲು, ಬಂಡೆಗಳ ಮೇಲೆ ಪ್ರಯತ್ನಿಸುವ ಮಾತಾಡುವುದನ್ನು ಕೇಳಿದ್ದೇನೆ. ಅದು ಸಂರಕ್ಷಿತ ಸ್ಮಾರಕ, ಅಲ್ಲಿನ ಒಂದು ಮೆಟ್ಟಿಲೂ ನಮ್ಮ ಪೆಡಲಿನ ಗೀರು ಹೊರಬಾರದು. ಸುಗ್ಗಿಯ ದಿನಗಳಲ್ಲಿ ರಸ್ತೆಯಂಚಿಗೆ ಒಣಹಾಕಿದ ಮೆಕ್ಕೆಜೋಳದಿಂದಲೂ ದೂರವಿರಿ; ಅದು ಒಬ್ಬರ ವರ್ಷದ ದುಡಿಮೆ, ಮೇಲಾಗಿ ಕಾಳಿನ ಮೇಲೆ ಇಳಿದ ಟಯರು ನಿಲ್ಲುವುದಿಲ್ಲ.

ಆದರೆ ಅದೇ ಮೆಕ್ಕೆಜೋಳದ ಒಣ ದಂಟಿಗಿಂತ ಒಳ್ಳೆಯ ಅಡ್ಡಿಯನ್ನು ನಾನು ಕಂಡಿಲ್ಲ. ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಚಕ್ರ ತಗುಲಿದರೆ ಮುರಿಯುತ್ತದೆ, ಸವಾರನನ್ನು ಬೀಳಿಸುವುದಿಲ್ಲ. ಮೊದಲ ವಾರ ದಂಟನ್ನು ನೆಲದ ಮೇಲೆ ಅಡ್ಡ ಹಾಕಿ. ಅನಂತರ ಎರಡು ರಟ್ಟಿನ ಡಬ್ಬಗಳ ಮೇಲೆ, ತಗುಲಿದ ಕೂಡಲೇ ಉರುಳುವಂತೆ ಸಡಿಲವಾಗಿ ಇಡಿ. ಇಟ್ಟಿಗೆ, ಸೈಜುಗಲ್ಲುಗಳನ್ನು ಎಂದೂ ಇಡಬೇಡಿ.

ಸೈಕಲ್ಲಿನ ಸಿದ್ಧತೆ

ಕ್ಯಾರಿಯರ್, ಸ್ಟ್ಯಾಂಡ್, ಮಡಗಾರ್ಡುಗಳನ್ನು ಬಿಚ್ಚಿಡಿ. ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗ್ ಇರುವ ಸೈಕಲ್ ಕಲಿಕೆಗೆ ತೊಡಕು, ಏಕೆಂದರೆ ಕಾಲು ಕೊಟ್ಟ ಬಲದ ಒಂದು ಪಾಲನ್ನು ಸ್ಪ್ರಿಂಗೇ ನುಂಗುತ್ತದೆ. ಗಾಳಿ ಕಡಿಮೆಯಿದ್ದರೆ ಇಳಿಯುವಾಗ ಟ್ಯೂಬು ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಜೋಡಿ ತೂತು ಬೀಳುತ್ತದೆ. ಪ್ರತಿದಿನ ಹೊರಡುವ ಮುನ್ನ ಮುಂದಿನ ಚಕ್ರವನ್ನು ಎರಡು ಮಂಡಿಗಳ ನಡುವೆ ಹಿಡಿದು ಹ್ಯಾಂಡಲ್ ತಿರುಗುತ್ತದೆಯೇ ನೋಡಿ. ಎರಡೂ ಚಕ್ರಗಳ ನಟ್ಟು ಬಿಗಿಯಾಗಿವೆಯೇ ನೋಡಿ. ನಾನು ಒಮ್ಮೆ ಇದನ್ನು ನೋಡದೆ ಹೊರಟು, ಇಳಿಯುವಾಗ ಹ್ಯಾಂಡಲ್ ತಿರುಗಿ, ಎಡ ಮಣಿಕಟ್ಟಿಗೆ ಮೂರು ವಾರ ಪಟ್ಟಿ ಕಟ್ಟಿಸಿಕೊಂಡಿದ್ದೆ. ಹೆಲ್ಮೆಟ್, ಕೈಗವಸು, ಮೊಣಕಾಲಿಗೆ ಪ್ಯಾಡು ಇಲ್ಲದೆ ಅಭ್ಯಾಸ ಬೇಡ.

ಮುಂದಿನ ಕಸರತ್ತುಗಳು

ಬನ್ನಿ ಹಾಪ್ ಕಲಿಯುತ್ತಿರುವಾಗಲೇ ಟ್ರ್ಯಾಕ್ ಸ್ಟ್ಯಾಂಡ್, ಅಂದರೆ ಕಾಲೂರದೆ ನಿಂತಲ್ಲೇ ನಿಲ್ಲುವುದನ್ನೂ ಕಲಿಯಬಹುದು. ಸ್ವಲ್ಪ ಏರಿರುವ ಕಡೆ, ಚಕ್ರವನ್ನು ಏರಿನತ್ತ ತಿರುಗಿಸಿ, ಪೆಡಲನ್ನು ಒತ್ತಿ ಬಿಟ್ಟು ಮಾಡುತ್ತ ನಿಲ್ಲಬೇಕು. ಮುಂದಿನ ಚಕ್ರವನ್ನು ಎತ್ತಿಕೊಂಡೇ, ಪೆಡಲ್ ತುಳಿಯದೆ ದೂರ ಸಾಗುವುದು ಮ್ಯಾನುಯಲ್. ಸೀಟಿನ ಮೇಲೆ ಕೂತು ತುಳಿಯುತ್ತ ಸಾಗುವುದು ವೀಲಿ. ಇವೆರಡನ್ನೂ ಒಂದೇ ಎಂದು ತಿಳಿಯಬೇಡಿ: ವೀಲಿಯಲ್ಲಿ ಸಮತೋಲ ತುಳಿತದಿಂದ ಬರುತ್ತದೆ, ಮ್ಯಾನುಯಲ್‌ನಲ್ಲಿ ಸೊಂಟದಿಂದ. ಬನ್ನಿ ಹಾಪ್‌ಗೆ ನೆರವಾಗುವುದು ಮ್ಯಾನುಯಲ್.

ಗಾಳಿಯಲ್ಲಿ ಅರ್ಧ ಸುತ್ತು ತಿರುಗಿ ಹಿಮ್ಮುಖವಾಗಿ ಇಳಿಯುವ 180ಕ್ಕೆ ಕೈ ಹಾಕುವ ಮೊದಲು, ದಂಟನ್ನು ಮಂಡಿಯ ಎತ್ತರಕ್ಕೆ ಇಟ್ಟು ಹತ್ತರಲ್ಲಿ ಎಂಟು ಬಾರಿಯಾದರೂ ಬೀಳಿಸದೆ ದಾಟುವಂತಾಗಿರಬೇಕೆಂಬುದು ನನ್ನ ಅಭಿಪ್ರಾಯ. ತಿರುಗುವಿಕೆ ಭುಜ ಮತ್ತು ಕಣ್ಣಿನಿಂದ ಆರಂಭವಾಗಬೇಕು. ಯಾವ ಕಡೆ ತಿರುಗಬೇಕೋ ಆ ಕಡೆಯ ಭುಜದ ಮೇಲಿಂದ ಹಿಂದಕ್ಕೆ ನೋಡುತ್ತಲೇ ನೆಗೆಯಬೇಕು. ಇಳಿದ ಮೇಲೆ ಸೈಕಲ್ ಹಿಮ್ಮುಖವಾಗಿ ಉರುಳುವಾಗ ಪೆಡಲುಗಳೂ ಹಿಂದಕ್ಕೆ ತಿರುಗತೊಡಗುತ್ತವೆ. ಅವನ್ನು ತಡೆಯದೆ ಅದೇ ಲಯದಲ್ಲಿ ಹಿಂದಕ್ಕೆ ತುಳಿಯುತ್ತ ಸಾಗಿ, ಹ್ಯಾಂಡಲ್ ತುಸು ವಾಲಿಸಿ, ಮೂತಿಯನ್ನು ಮತ್ತೆ ಮುಂದಕ್ಕೆ ತಿರುಗಿಸಿಕೊಳ್ಳಬೇಕು.