ಗ್ಯಾರಂಟಿಗೆ ಎಸ್‌ಸಿಎಸ್‌ಪಿ–ಟಿಎಸ್‌ಪಿ ಹಣ: ದಲಿತರಿಗೇ ತಲುಪುವುದಾದರೆ ಆಕ್ಷೇಪವೇಕೆ?

ಪ್ರಶ್ನೆ: ಗ್ಯಾರಂಟಿ ಯೋಜನೆಗಳಿಗೆ ಎಸ್‌ಸಿಎಸ್‌ಪಿ–ಟಿಎಸ್‌ಪಿ (ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಗಿರಿಜನ ಉಪಯೋಜನೆ) ಹಣ ಬಳಸಲಾಗುತ್ತಿದೆ ಎಂಬ ದೂರು ಬಜೆಟ್ ಬಂದಾಗಲೆಲ್ಲ ಕೇಳಿಬರುತ್ತದೆ. ಆ ಹಣ ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳಿಗೇ ತಲುಪುತ್ತಿದೆ ಎಂದಮೇಲೆ ತಪ್ಪೇನಿದೆ?

ಉತ್ತರ: ಹಣ ಯಾರ ಕೈ ಸೇರಿತು ಎಂದು ನೋಡುವ ಮೊದಲು ಅದು ಯಾವ ಲೆಕ್ಕದಿಂದ ಹೊರಟಿತು ಎಂದು ಕೇಳಬೇಕು. ಒಂದೇ ಊರಿನಲ್ಲಿ ಕೂಲಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳಿದ್ದಾರೆ ಎಂದಿಟ್ಟುಕೊಳ್ಳಿ. ಇಬ್ಬರ ಬ್ಯಾಂಕ್ ಖಾತೆಗೂ ಗೃಹಲಕ್ಷ್ಮಿಯ 2,000 ರೂಪಾಯಿ ಬೀಳುತ್ತದೆ. ಊರೊಳಗಿನ ಮನೆಯಾಕೆಗೆ ಬರುವುದು ರಾಜ್ಯದ ಸಾಮಾನ್ಯ ಬೊಕ್ಕಸದ ಹಣ. ಕೇರಿಯ ಮನೆಯಾಕೆಗೆ ಬರುವುದು ಆಕೆಯ ಮಗಳ ಹಾಸ್ಟೆಲಿಗೆ, ಮಗನ ಸ್ವಉದ್ಯೋಗದ ಸಾಲಕ್ಕೆ, ಹೊಲದಲ್ಲಿ ಕೊರೆಸಬೇಕಾದ ಗಂಗಾ ಕಲ್ಯಾಣದ ಕೊಳವೆಬಾವಿಗೆ ಎಂದು ತೆಗೆದಿರಿಸಿದ ಪಾಲಿನ ಹಣ. ಮೊದಲನೆಯವಳಿಗೆ ವರ್ಷಕ್ಕೆ 24,000 ರೂಪಾಯಿ ಹೊಸದಾಗಿ ದಕ್ಕಿದರೆ, ಎರಡನೆಯವಳಿಗೆ ಅವಳದೇ ಗಂಟು ಬಿಚ್ಚಿ ಕೊಟ್ಟಂತಾಗುತ್ತದೆ.

ಈ ಪಾಲು ಯಾರ ದಯೆಯಿಂದಲೂ ಬಂದದ್ದಲ್ಲ. 1970ರ ದಶಕದಿಂದ ಇದ್ದ ವಿಶೇಷ ಘಟಕ ಯೋಜನೆ (ಪರಿಶಿಷ್ಟ ಜಾತಿ ಉಪಯೋಜನೆಯ ಹಿಂದಿನ ಹೆಸರು) ಮತ್ತು ಗಿರಿಜನ ಉಪಯೋಜನೆಗಳಿಗೆ ಕಾನೂನಿನ ಬಲವಿರಲಿಲ್ಲ. ಹಣ ಬೇರೆಡೆಗೆ ಹರಿಯುತ್ತಿತ್ತು, ಇಲ್ಲವೇ ವರ್ಷಾಂತ್ಯದಲ್ಲಿ ಖರ್ಚಾಗದೆ ಉಳಿಯುತ್ತಿತ್ತು. ದೀರ್ಘ ಹೋರಾಟದ ಫಲವಾಗಿ 2013ರಲ್ಲಿ, ಆಂಧ್ರಪ್ರದೇಶದ ಬೆನ್ನಿಗೇ, ಕರ್ನಾಟಕವೂ ಕಾಯ್ದೆ ಮಾಡಿತು. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಪರಿಶಿಷ್ಟ ಜಾತಿಯವರು ಶೇ 17.15, ಪಂಗಡದವರು ಶೇ 6.95; ಒಟ್ಟು ಶೇ 24.1. ಅಭಿವೃದ್ಧಿ ವೆಚ್ಚದಲ್ಲಿ ಅಷ್ಟು ಪಾಲನ್ನು ಅವರಿಗಾಗಿಯೇ ಮೀಸಲಿಡಬೇಕೆಂಬುದು ಕಾಯ್ದೆಯ ತಿರುಳು.

ತೊಡಕು ಇರುವುದು ಏಳನೇ ಸೆಕ್ಷನ್ನಿನಲ್ಲಿ. ರಸ್ತೆ, ನೀರಾವರಿಯಂತಹ, ಇಂತಿಷ್ಟು ಜನರಿಗೆಂದು ವಿಂಗಡಿಸಲಾಗದ ಕಾಮಗಾರಿಯ ಒಂದು ಭಾಗವನ್ನೂ ದಲಿತರಿಗೆ ಖರ್ಚಾದ ಹಣವೆಂದು ಭಾವಿಸಲು 7(ಡಿ) ಅವಕಾಶ ಕೊಟ್ಟಿತ್ತು. ವರ್ಷಗಳ ಒತ್ತಾಯದ ನಂತರ 2023ರಲ್ಲಿ ಅದನ್ನು ಕೈಬಿಡಲಾಯಿತು. ಆದರೆ ಎಲ್ಲರಿಗೂ ಅನ್ವಯವಾಗುವ ಸಾಮಾನ್ಯ ಯೋಜನೆಯಲ್ಲಿ ಪರಿಶಿಷ್ಟ ಫಲಾನುಭವಿಗಳ ಸಂಖ್ಯೆಗೆ ತಕ್ಕಷ್ಟು ವೆಚ್ಚವನ್ನು ಈ ಲೆಕ್ಕಕ್ಕೆ ಹಾಕಬಹುದೆನ್ನುವ 7(ಸಿ) ಉಳಿದುಕೊಂಡಿತು. ಗ್ಯಾರಂಟಿಗಳಿಗೆ ಹಣ ಹೋಗುತ್ತಿರುವುದು ಇದೇ ಬಾಗಿಲಿನಿಂದ. ಕಾಯ್ದೆಯನ್ನು ಮೀರಿಲ್ಲ ಎಂಬ ಸರ್ಕಾರದ ಸಮರ್ಥನೆಗೆ ಅಕ್ಷರಶಃ ಆಧಾರವಿದೆ ಎಂಬುದನ್ನು ಒಪ್ಪಲೇಬೇಕು. ಆದರೆ 2024–25ರಲ್ಲಿ ಈ ಎರಡೂ ಉಪಯೋಜನೆಗಳ ಒಟ್ಟು ಸುಮಾರು 39,121 ಕೋಟಿ ರೂಪಾಯಿಯಲ್ಲಿ 14,282 ಕೋಟಿಯನ್ನು, ಅಂದರೆ ಮೂರನೇ ಒಂದು ಭಾಗಕ್ಕೂ ಹೆಚ್ಚನ್ನು, ಗ್ಯಾರಂಟಿಗಳಿಗೆ ತೋರಿಸಿದಾಗ ಕಾಯ್ದೆಯ ಉದ್ದೇಶಕ್ಕೆ ಉಳಿದದ್ದೆಷ್ಟು ಎಂದು ಕೇಳದೆ ಇರಲಾಗದು.

ಗ್ಯಾರಂಟಿಗಳು ಬೇಡವೆಂದು ನಾನು ಹೇಳುತ್ತಿಲ್ಲ. ಬೆಳಗಿನ ಬಸ್ಸು ಹತ್ತಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಗಳಿಗೆ ಶಕ್ತಿ ಯೋಜನೆಯಿಂದ ಉಳಿಯುವ ಟಿಕೆಟ್ ಹಣ ಸಂಜೆಯ ತರಕಾರಿಯಾಗುತ್ತದೆ; ಅದನ್ನು ಕಸಿಯಬೇಕೆನ್ನುವುದು ಕ್ರೌರ್ಯ. ಆದರೆ ಆ ಸೌಲಭ್ಯ ಆಕೆಗೆ ಈ ನಾಡಿನ ಪ್ರಜೆಯಾಗಿ ಸಲ್ಲಬೇಕು, ನೆರೆಮನೆಯಾಕೆಗೆ ಸಲ್ಲುವ ಬೊಕ್ಕಸದಿಂದಲೇ ಸಲ್ಲಬೇಕು. ಉಪಯೋಜನೆಯ ಹಣವಿರುವುದು ಎಲ್ಲರಿಗೂ ಸಿಗುವುದನ್ನು ಕೊಡುವುದಕ್ಕಲ್ಲ, ತಲೆಮಾರುಗಳಿಂದ ಸಿಗದೇ ಹೋದದ್ದನ್ನು ತುಂಬಿಕೊಡುವುದಕ್ಕೆ.

ಇದು ನಾಗರಿಕ ಹಕ್ಕಿನ ಪ್ರಶ್ನೆಯಾಗುವುದೂ ಇಲ್ಲಿಯೇ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿದೆ; ಮಲ ಹೊರುವ ಪದ್ಧತಿಯನ್ನು ನಿಷೇಧಿಸಿ, ಆ ಕೆಲಸದಲ್ಲಿದ್ದವರಿಗೆ ಪುನರ್ವಸತಿ ಕಲ್ಪಿಸುವ ಕೇಂದ್ರದ ಕಾನೂನು ಬಂದದ್ದೂ 2013ರಲ್ಲೇ. ಆದರೆ ಗುಂಡಿಗೆ ಇಳಿಯುವುದು ನಿಲ್ಲಬೇಕಾದರೆ ಯಂತ್ರ ಬೇಕು, ಇಳಿಯುತ್ತಿದ್ದವನಿಗೆ ಬೇರೆ ಬದುಕು ಕಟ್ಟಿಕೊಳ್ಳಲು ಬಂಡವಾಳ ಬೇಕು, ಅವನ ಮಕ್ಕಳಿಗೆ ಓದುವ ಜಾಗ ಬೇಕು. ಹಾಸ್ಟೆಲ್ ಸೀಟು ಸಿಗದೆ ಪಿಯುಸಿಗೇ ಓದು ಬಿಟ್ಟ ಹುಡುಗಿ ಅಮ್ಮನ ಜೊತೆ ಕೂಲಿಗೆ ಹೊರಟರೆ, ಅಮ್ಮನ ಖಾತೆಗೆ ಬಂದ 2,000 ರೂಪಾಯಿ ಆ ನಷ್ಟವನ್ನು ತುಂಬಲಾರದು.

ಲೆಕ್ಕವನ್ನು ನೀವೇ ನೋಡಬಹುದು. ರಾಜ್ಯದ ಬಜೆಟ್ ಪುಸ್ತಕಗಳು ಆರ್ಥಿಕ ಇಲಾಖೆಯ ಜಾಲತಾಣದಲ್ಲಿವೆ. ಅವುಗಳಲ್ಲಿ 422 ಎಂಬ ಸಂಖ್ಯೆ ಪರಿಶಿಷ್ಟ ಜಾತಿ ಉಪಯೋಜನೆಯನ್ನೂ 423 ಗಿರಿಜನ ಉಪಯೋಜನೆಯನ್ನೂ ಸೂಚಿಸುತ್ತದೆ. ಗೃಹಲಕ್ಷ್ಮಿಯ ಅಡಿಯಲ್ಲಿ ಆ ಎರಡು ಸಾಲುಗಳ ಮೊತ್ತವನ್ನು ಬರೆದುಕೊಳ್ಳಿ. ಬಳಿಕ ವಿದ್ಯಾರ್ಥಿನಿಲಯಗಳ ಸಾಲುಗಳಿಗೆ ಹೋಗಿ, ಹಿಂದಿನ ವರ್ಷದ ಅಂಕಿಯ ಪಕ್ಕದಲ್ಲಿಟ್ಟು ನೋಡಿ, ನಿಮ್ಮ ಶಾಸಕರನ್ನು ಕೇಳಿ.